ಲಂಡನ್ ಹೋಟೆಲ್‌ನಲ್ಲಿ ಅಡುಗೆ ಕೆಲಸ, ಸ್ಪಾನ್ಸರ್‌ಶಿಪ್ ಗ್ಯಾರಂಟಿ: ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ಲಂಡನ್‌ನ ಇಂಡಿಯನ್ ರೆಸ್ಟೋರೆಂಟ್‌ಗೆ ದೋಸೆ ಮಾಸ್ಟರ್, ತಂದೂರಿ ಮಾಸ್ಟರ್ ತುರ್ತಾಗಿ ಬೇಕಾಗಿದ್ದಾರೆ. ತಿಂಗಳಿಗೆ 2 ಲಕ್ಷ ಸಂಬಳ, ಊಟ-ವಸತಿ ಫ್ರೀ, 5 ವರ್ಷದ ವೀಸಾ. ಸ್ಪಾನ್ಸರ್‌ಶಿಪ್ ನಾವೇ ಕೊಡಿಸುತ್ತೇವೆ.” ಇಂಥದ್ದೊಂದು ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಊರಿನ ಹೆಸರು, ಸಂಬಳದ ಅಂಕಿ ಬದಲಾಗುತ್ತಿರುತ್ತದೆ, ಉಳಿದದ್ದು ಅದೇ. ಕೊನೆಗೆ ಒಂದು ಮೊಬೈಲ್ ನಂಬರ್, “ಕೆಲವೇ ಸೀಟು ಬಾಕಿ” ಎಂಬ ಅವಸರ.

ಮೊದಲು ನೇರ ಉತ್ತರ ಹೇಳಿಬಿಡುತ್ತೇವೆ. 2025ರ ಜುಲೈ 22ರಿಂದ ಬ್ರಿಟನ್‌ನ ‘ಸ್ಕಿಲ್ಡ್ ವರ್ಕರ್’ ವೀಸಾದಲ್ಲಿ ಶೆಫ್ ಕೆಲಸಕ್ಕೆ ಭಾರತದಿಂದ ಹೊಸಬರು ಹೋಗುವಂತಿಲ್ಲ. ಆ ದಿನದಿಂದ ಈ ವೀಸಾ ಪದವಿ ಮಟ್ಟದ್ದೆಂದು ಅಲ್ಲಿನ ಸರ್ಕಾರ ಗುರುತಿಸಿದ ಕೆಲಸಗಳಿಗೆ ಸೀಮಿತವಾಯಿತು. ಅದಕ್ಕಿಂತ ಕೆಳಗಿನ ಮಟ್ಟದ ಕೆಲವು ಕೆಲಸಗಳಿಗೆ ತಾತ್ಕಾಲಿಕ ವಿನಾಯಿತಿಯ ಪಟ್ಟಿ ಬಂತು, ಅದರಲ್ಲೂ ಶೆಫ್ ಇಲ್ಲ. “ನನ್ನ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಮಾಡಿದ್ದಾನೆ, ಅವನಿಗೆ ಆಗಬಹುದಲ್ಲ?” ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಇಲ್ಲಿ ನೋಡುವುದು ಕೆಲಸ ಯಾವ ಮಟ್ಟದ್ದು ಎಂಬುದನ್ನು. ಮಾಡುವವರ ಬಳಿ ಡಿಗ್ರಿ ಇದೆಯೇ ಎಂಬುದು ಲೆಕ್ಕಕ್ಕಿಲ್ಲ.

ಮೆಸೇಜಿನ ಸುಳ್ಳು ಅದರೊಳಗಿನ ಸಂಬಳದಲ್ಲೇ ಸಿಗುತ್ತದೆ. ತಿಂಗಳಿಗೆ 2 ಲಕ್ಷ ಎಂದರೆ ವರ್ಷಕ್ಕೆ 24 ಲಕ್ಷ. ಈಗ ಈ ವೀಸಾಗೆ ಇರುವ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್, ಅಂದರೆ 45 ಲಕ್ಷ ರೂಪಾಯಿಗೂ ಮೇಲೆ. ನಮ್ಮ ಕಣ್ಣಿಗೆ 2 ಲಕ್ಷ ದೊಡ್ಡ ಮೊತ್ತವಾಗಿ ಕಾಣುತ್ತದೆ, ಅದಕ್ಕೇ ಆ ಅಂಕಿ ಬರೆದಿರುತ್ತಾರೆ. ಅಲ್ಲಿನ ಕಾನೂನಿನ ಕಣ್ಣಿಗೆ ಅದು ಅರ್ಧ ಸಂಬಳ.

ಹಾಗಾದರೆ ಜನ ಇದನ್ನು ನಂಬುವುದು ಯಾಕೆ? ದಡ್ಡರಾಗಿ ಅಲ್ಲ. ಬಾಗಿಲು ಕೆಲವು ವರ್ಷ ನಿಜವಾಗಿಯೂ ತೆರೆದಿತ್ತು. ಬ್ರಿಟನ್‌ನ ‘ಇಂಡಿಯನ್’ ರೆಸ್ಟೋರೆಂಟ್‌ಗಳಲ್ಲಿ ಹೆಚ್ಚಿನವನ್ನು ಕಟ್ಟಿದ್ದು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯಿಂದ ಹೋದ ಕುಟುಂಬಗಳು. ಅವರ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದರು, ಒಲೆಯ ಮುಂದೆ ನಿಲ್ಲುವವರು ಕಡಿಮೆಯಾದರು. ಹೊರಗಿನಿಂದ ಶೆಫ್‌ಗಳನ್ನು ಕರೆಸಲು ಬಿಡಿ ಎಂದು ಮಾಲೀಕರು ವರ್ಷಗಟ್ಟಲೆ ಕೇಳಿದರು. ಹಿಂದಿನ ನಿಯಮದಲ್ಲಿ ಶೆಫ್‌ಗೆ 5 ವರ್ಷದ ಅನುಭವ ಬೇಕಿತ್ತು, ಜೊತೆಗೆ ಆ ರೆಸ್ಟೋರೆಂಟ್‌ನಲ್ಲಿ ಪಾರ್ಸೆಲ್ ಸೇವೆ ಇರಬಾರದಿತ್ತು. ಪಾರ್ಸೆಲ್ ಕೊಡದ ಕರಿ ಹೌಸ್ ಹುಡುಕುವುದು ಕಾಫಿ ಸಿಗದ ದರ್ಶಿನಿ ಹುಡುಕಿದಂತೆ!

2021ರ ಜನವರಿಯಲ್ಲಿ ಹೊಸ ವ್ಯವಸ್ಥೆ ಬಂದು ಶೆಫ್ ಕೆಲಸಕ್ಕೆ ಹಾದಿ ಸುಲಭವಾಯಿತು. ಆಗ ನಮ್ಮವರೂ ಹೋದರು. 2024ರ ಏಪ್ರಿಲ್‌ನಲ್ಲಿ ಕನಿಷ್ಠ ಸಂಬಳ 26,200 ಪೌಂಡ್‌ನಿಂದ ಒಮ್ಮೆಗೇ 38,700ಕ್ಕೆ ಏರಿತು. ಅಷ್ಟು ಸಂಬಳ ಕೊಡುವುದು ಬಹಳಷ್ಟು ಸಣ್ಣ ರೆಸ್ಟೋರೆಂಟ್‌ಗಳ ಕೈಮೀರಿದ ಮಾತು. ಮರುವರ್ಷ ಬಾಗಿಲೇ ಮುಚ್ಚಿತು. “ನಮ್ಮ ಪಕ್ಕದ ಮನೆಯವನು ಹೀಗೇ ಹೋಗಿದ್ದಾನೆ” ಎಂಬ ಮಾತು ನಿಜವಿರಬಹುದು. 2025ರ ಜುಲೈ 22ಕ್ಕೆ ಮೊದಲೇ ಈ ವೀಸಾ ಪಡೆದ ಶೆಫ್‌ಗಳು ಅಲ್ಲೇ ಅದನ್ನು ಮುಂದುವರಿಸಿಕೊಳ್ಳಲು, ಬೇರೆ ರೆಸ್ಟೋರೆಂಟ್‌ಗೆ ಬದಲಾಯಿಸಿಕೊಳ್ಳಲು ಸದ್ಯಕ್ಕೆ ಅವಕಾಶವಿದೆ. ಅವರ ಕಥೆಯನ್ನು ತೋರಿಸಿ ಈಗ ಹೊಸಬರಿಂದ ಹಣ ಕೇಳುವುದೇ ಮೋಸ.

ಇನ್ನು ‘ಸ್ಪಾನ್ಸರ್‌ಶಿಪ್’ ಎಂಬ ಪದ. ಯಾರೋ ದೊಡ್ಡ ಮನಸ್ಸಿನವರು ನಮಗಾಗಿ ಖರ್ಚು ಹಾಕುತ್ತಾರೆ ಎಂಬಂತೆ ಅದು ಕೇಳಿಸುತ್ತದೆ. ಅಸಲಿಗೆ ಇದು ಮಾಲೀಕ ಅಲ್ಲಿನ ಸರ್ಕಾರಕ್ಕೆ ಬರೆದುಕೊಡುವ ಜವಾಬ್ದಾರಿ. ಮೊದಲು ರೆಸ್ಟೋರೆಂಟ್ ಬ್ರಿಟನ್‌ನ ಗೃಹ ಇಲಾಖೆಯಿಂದ ಲೈಸೆನ್ಸ್ ಪಡೆಯಬೇಕು. ನಂತರ ಪ್ರತಿ ಕೆಲಸಗಾರನಿಗೂ ಒಂದು ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಕೊಡಬೇಕು. ಸರ್ಟಿಫಿಕೇಟ್ ಎಂದಾಕ್ಷಣ ಸೀಲು ಹಾಕಿದ ಕಾಗದ ಎಂದುಕೊಳ್ಳಬೇಡಿ. ಅದು ಸರ್ಕಾರದ ಕಂಪ್ಯೂಟರ್‌ನಲ್ಲಿರುವ ಒಂದು ದಾಖಲೆ, ಕೆಲಸಗಾರನಿಗೆ ಬೇಕಾಗುವುದು ಅದರ ನಂಬರ್. ಆ ನಂಬರ್ ಇದ್ದರೂ ವೀಸಾ ಬಂದಂತಲ್ಲ, ವೀಸಾಗೆ ಅರ್ಜಿ ಹಾಕಬಹುದು ಅಷ್ಟೇ. ಗೋಪುರದ ಚಿತ್ರ, ಬಣ್ಣದ ಸೀಲು ಇರುವ ಪಿಡಿಎಫ್ ತೋರಿಸಿ “ಸ್ಪಾನ್ಸರ್‌ಶಿಪ್ ಬಂದಿದೆ, ಈಗ 5 ಲಕ್ಷ ಕಟ್ಟಿ” ಎಂದರೆ ಅದನ್ನು ಯಾರು ಬೇಕಾದರೂ ಮೊಬೈಲ್‌ನಲ್ಲೇ ತಯಾರಿಸಬಹುದು ಎಂಬುದು ನೆನಪಿರಲಿ.

ಲೈಸೆನ್ಸ್ ಇರುವ ಮಾಲೀಕರ ಪಟ್ಟಿ ಬ್ರಿಟಿಷ್ ಸರ್ಕಾರದ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಏಜೆಂಟರು ಅದನ್ನೇ ತೆರೆದು “ನೋಡಿ, ಹೆಸರಿದೆ” ಎನ್ನುವುದುಂಟು. ಹೆಸರಿದ್ದರೆ ಆ ರೆಸ್ಟೋರೆಂಟ್‌ಗೆ ಲೈಸೆನ್ಸ್ ಇದೆ ಎಂದಷ್ಟೇ ಅರ್ಥ. ನಿಮಗೆ ಫೋನ್ ಮಾಡಿದವನು ಆ ರೆಸ್ಟೋರೆಂಟ್‌ನವನೇ, ಅಲ್ಲಿ ಕೆಲಸ ಖಾಲಿ ಇದೆಯೇ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.

ಖರ್ಚು ಯಾರದ್ದು ಎಂಬುದೂ ಸ್ಪಷ್ಟವಿದೆ. ಸರ್ಟಿಫಿಕೇಟ್‌ಗೆ 525 ಪೌಂಡ್. ಅದರ ಮೇಲೆ ವಿದೇಶಿ ಕೆಲಸಗಾರನನ್ನು ಕರೆಸಿದ್ದಕ್ಕೆ ‘ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್’, 2025ರ ಡಿಸೆಂಬರ್‌ನಿಂದ ಸಣ್ಣ ಸಂಸ್ಥೆಗೆ ವರ್ಷಕ್ಕೆ 480, ದೊಡ್ಡದಕ್ಕೆ 1,320 ಪೌಂಡ್. ಇವೆರಡನ್ನೂ ಮಾಲೀಕನೇ ಕಟ್ಟಬೇಕು, ಕೆಲಸಗಾರನಿಂದ ವಸೂಲಿ ಮಾಡಿದರೆ ಲೈಸೆನ್ಸ್‌ಗೇ ಕುತ್ತು. ವೀಸಾ ಅರ್ಜಿ ಶುಲ್ಕ, ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕೆಲಸಗಾರನ ಪಾಲಿಗೆ ಬರಬಹುದು, ಅದನ್ನೂ ಕಟ್ಟುವುದು ಸರ್ಕಾರದ ವೆಬ್‌ಸೈಟ್‌ನಲ್ಲಿ. ಯಾರದ್ದೋ ಯುಪಿಐಗೆ ಅಲ್ಲ.

ನಂಬರ್ ಅಸಲಿಯಾಗಿದ್ದೂ ಮುಳುಗುವ ಸಾಧ್ಯತೆ ಇದೆ. ಲೈಸೆನ್ಸ್ ಇರುವ ಮಾಲೀಕನೇ ಕೆಲಸವಿಲ್ಲದೆ ಸರ್ಟಿಫಿಕೇಟ್ ಮಾರಿದ ಎಂದುಕೊಳ್ಳಿ. ಅವನ ಲೈಸೆನ್ಸ್ ರದ್ದಾದರೆ ಕೆಲಸಗಾರನ ವೀಸಾವನ್ನು ಸಾಮಾನ್ಯವಾಗಿ 60 ದಿನಕ್ಕೆ ಇಳಿಸುತ್ತಾರೆ. ಅಷ್ಟರಲ್ಲಿ ಇನ್ನೊಬ್ಬ ಸ್ಪಾನ್ಸರ್ ಸಿಗಬೇಕು, ಇಲ್ಲವೇ ವಾಪಸ್. ಜಮೀನು ಅಡವಿಟ್ಟು ಹೋದವನಿಗೆ ಅದು ಬರೀ ವಾಪಸ್ ಅಲ್ಲ, ಸಾಲದ ಜೊತೆ ವಾಪಸ್. ಶೆಫ್ ಆಗುವುದಿಲ್ಲವೆಂದು ಕಾಗದದಲ್ಲಿ ಬೇರೆ ಹುದ್ದೆ ತೋರಿಸುವುದು ಇನ್ನೂ ಅಪಾಯ. ಸುಳ್ಳು ಮಾಹಿತಿ ಕೊಟ್ಟು ಸಿಕ್ಕಿಬಿದ್ದರೆ 10 ವರ್ಷದವರೆಗೆ ಬ್ರಿಟನ್ ವೀಸಾ ಸಿಗದೇ ಹೋಗಬಹುದು. “ವಿಸಿಟಿಂಗ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ” ಎಂಬುದು ಕೂಡ ಆಗದ ಮಾತು. ವಿಸಿಟರ್ ಆಗಿ ಹೋದವರು ಅಲ್ಲಿದ್ದುಕೊಂಡೇ ಸ್ಕಿಲ್ಡ್ ವರ್ಕರ್ ಆಗಲು ನಿಯಮ ಬಿಡುವುದಿಲ್ಲ.

ಕರಾವಳಿಯವರಿಗೆ ಇಲ್ಲೊಂದು ಹಳೆಯ ಗೊಂದಲವೂ ಸೇರಿಕೊಳ್ಳುತ್ತದೆ. ಗಲ್ಫ್ ಮಾತಿನಲ್ಲಿ ‘ಫ್ರೀ ವೀಸಾ’ ಎಂದರೆ ಉಚಿತ ಎಂದಲ್ಲ. ಕಾಗದದಲ್ಲಿ ಒಬ್ಬ ಕಫೀಲ್, ಕೆಲಸ ಮಾಡುವುದು ಇನ್ನೆಲ್ಲೋ. ಅದೂ ಅಲ್ಲಿನ ಕಾನೂನಿಗೆ ವಿರುದ್ಧವೇ, ಆದರೂ ದುಡ್ಡು ಕೊಟ್ಟು ಕೊಳ್ಳುವ ಅಭ್ಯಾಸ ಬೆಳೆದುಬಿಟ್ಟಿದೆ. ಅದೇ ಅಭ್ಯಾಸದಲ್ಲಿ ಸ್ಪಾನ್ಸರ್‌ಶಿಪ್‌ಗೂ ಒಂದು ರೇಟ್ ಇರುತ್ತದೆ ಎಂದು ಜನ ಭಾವಿಸುತ್ತಾರೆ. ಆಸ್ಟ್ರೇಲಿಯಾದಲ್ಲಂತೂ ವೀಸಾ ಸ್ಪಾನ್ಸರ್‌ಶಿಪ್‌ಗಾಗಿ ಹಣ ಕೇಳುವುದೂ ಕೊಡುವುದೂ 2015ರ ಡಿಸೆಂಬರ್‌ನಿಂದ ಕಾನೂನುಬಾಹಿರ. ಜಪಾನ್‌ನಲ್ಲಿ ಭಾರತೀಯ ಅಡುಗೆ ಮಾಡುವವರೂ ಅರ್ಜಿ ಹಾಕಬಹುದಾದ ವೀಸಾ ವರ್ಗ ಇದೆ, ಆದರೆ ಸಾಮಾನ್ಯವಾಗಿ 10 ವರ್ಷದ ಅನುಭವವನ್ನು ದಾಖಲೆ ಸಮೇತ ತೋರಿಸಬೇಕು. ಅನುಭವ ಪತ್ರ ಕೊಡದ ಹೋಟೆಲ್‌ಗಳಲ್ಲಿ ದುಡಿದ ಒಳ್ಳೆಯ ಅಡುಗೆಯವರು ಇಲ್ಲೇ ಸೋಲುತ್ತಾರೆ.

ಭಾರತದಲ್ಲಿ 1983ರ ವಲಸೆ ಕಾಯ್ದೆಯಂತೆ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು. ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ವೆಬ್‌ಸೈಟ್‌ನಲ್ಲಿದೆ. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಆನ್‌ಲೈನ್‌ನಲ್ಲಿ ಈಗಾಗಲೇ ಹಣ ಕಳಿಸಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಏಜೆಂಟನ ಚಾಟ್, ವಾಯ್ಸ್ ಮೆಸೇಜ್, ಪಾವತಿಯ ಸ್ಕ್ರೀನ್‌ಶಾಟ್ ಯಾವುದನ್ನೂ ಡಿಲೀಟ್ ಮಾಡಬೇಡಿ. ಆತನನ್ನು ಬ್ಲಾಕ್ ಮಾಡುವುದು ದೂರು ಕೊಟ್ಟ ಮೇಲೆ.