ಮಿಲಾನಿನ ಬಿಷಪ್ಪನ ಚರಿತ್ರೆಯನ್ನು ಹೆಣ್ಣುಮಕ್ಕಳಿಗೆ ಹೇಗೆ ಹೇಳಬೇಕು?

ಸತ್ಪುರುಷರ ಚರಿತ್ರೆಗಳನ್ನು ಮಕ್ಕಳಿಗೆ ಹೇಳುವಾಗ, ಅಕ್ಕಿಯೊಳಗಿನ ಕಲ್ಲನ್ನು ಆರಿಸಿದ ಹಾಗೆ ದೋಷಗಳನ್ನೆಲ್ಲ ಆರಿಸಿ ಚೆಲ್ಲಿ, ಉಳಿದ ಗುಣಗಳನ್ನು ಮಾತ್ರ ಅವರ ಮುಂದೆ ಬಡಿಸುವ ಕ್ರಮವೊಂದುಂಟು. ಈ ಶಾಲೆಯಲ್ಲಿ ಕಲಿತು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವವರಲ್ಲಿ ಅನೇಕರು ಇದೇ ಕ್ರಮವನ್ನು ಹಿಡಿದಿರುವುದನ್ನು ನಾವು ಬಲ್ಲೆವು. ಇದು ನಮಗೆ ಒಪ್ಪಿಗೆಯಿಲ್ಲ. ಏಕೆಂಬುದನ್ನು ಒಬ್ಬನೇ ಮನುಷ್ಯನ ಚರಿತ್ರೆಯಿಂದ ತಿಳಿಸಬಯಸುತ್ತೇವೆ. ಆತನು ಇಟಲಿ ದೇಶದ ಮಿಲಾನ್ ಪಟ್ಟಣದ ಆರ್ಚ್‌ಬಿಷಪ್ಪನಾಗಿದ್ದ ಚಾರ್ಲ್ಸ್ ಬೊರೊಮಿಯೊ. ಪ್ರಾಟೆಸ್ಟಂಟ್ ಮಿಶನ್ನಿನ ಶಾಲೆಗೆ ಕಥೋಲಿಕ ಬಿಷಪ್ಪನ ಗೊಡವೆ ಏಕೆಂದು ಕೇಳುವವರೂ ಇರಬಹುದು. ನಮ್ಮ ತರಗತಿಗಳಲ್ಲಿ ಎರಡು ಸಭೆಗಳ ಮಕ್ಕಳೂ, ಹಿಂದೂ ಮುಸಲ್ಮಾನರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಚರಿತ್ರೆಯನ್ನು ಓದುವರು. ಅಷ್ಟು ಉತ್ತರ ಸಾಕು.

ಬೊರೊಮಿಯೊ 1538ರಲ್ಲಿ ಆರೋನಾ ಎಂಬ ಊರಿನಲ್ಲಿ ಶ್ರೀಮಂತರ ಮನೆಯಲ್ಲಿ ಹುಟ್ಟಿದನು. ಮಾತು ತೊದಲುತ್ತಿತ್ತು; ಬುದ್ಧಿ ಚುರುಕೆಂದು ಯಾರೂ ಹೊಗಳಲಿಲ್ಲ. ಸೋದರಮಾವನು 1559ರಲ್ಲಿ ನಾಲ್ಕನೆಯ ಪಯಸ್ ಎಂಬ ಹೆಸರಿನಿಂದ ಪೋಪನಾದನು. ಮರುವರ್ಷವೇ, ಇನ್ನೂ 22 ತುಂಬದ ಅಳಿಯನು ಕಾರ್ಡಿನಲ್ ಆದನು! ಮತಸುಧಾರಕರು ಯಾವ ಕೆಡುಕನ್ನು ಖಂಡಿಸುತ್ತಿದ್ದರೋ ಅದೇ ಬಾಗಿಲಿನಿಂದ ಈತನು ಒಳಗೆ ಬಂದನೆಂಬುದನ್ನು ಮುಚ್ಚುವುದೇಕೆ? ಆದರೆ ಒಳಗೆ ಬಂದವನು ಆ ಬಾಗಿಲನ್ನೇ ಮುಚ್ಚಲು ಯತ್ನಿಸಿದನು. ಸಭೆಯು ತನ್ನನ್ನು ತಾನೇ ತಿದ್ದಿಕೊಳ್ಳುವುದಕ್ಕೆ 1545ರಲ್ಲಿ ಕೂಡಿದ ಟ್ರೆಂಟ್ ಮಹಾಸಭೆಯು 1563ರಲ್ಲಿ ಮುಗಿಯುವಂತೆ ರೋಮಿನಿಂದ ದುಡಿದವರಲ್ಲಿ ಆತನು ಮುಖ್ಯನು. ಬಿಷಪ್ಪನು ತನಗೆ ಒಪ್ಪಿಸಿದ ಜನರ ನಡುವೆಯೇ ವಾಸಿಸಬೇಕೆಂಬುದು ಆ ಸಭೆಯಲ್ಲಿ ಬಹಳ ಚರ್ಚೆಗೆ ಬಂದ ವಿಷಯ. ಮಿಲಾನಿನಲ್ಲಿ ಸುಮಾರು 80 ವರ್ಷಗಳಿಂದ ಯಾವ ಆರ್ಚ್‌ಬಿಷಪ್ಪನೂ ನೆಲೆಸಿರಲಿಲ್ಲ. ಹುಟ್ಟುವಳಿ ಮಾತ್ರ ಅವರಿದ್ದಲ್ಲಿಗೆ ಹೋಗಿ ಸೇರುತ್ತಿತ್ತು. ಬೊರೊಮಿಯೊ 1565ರಲ್ಲಿ ಅಲ್ಲಿಗೆ ಬಂದನು, ಅಲ್ಲಿಯೇ ಉಳಿದನು.

ಉಳಿದು ಮಾಡಿದ ಕೆಲಸಗಳಲ್ಲಿ ಒಂದು ನಮ್ಮ ಮನಸ್ಸಿಗೆ ಬಹಳ ಹತ್ತಿರವಾದುದು. ಕ್ಯಾಸ್ಟೆಲ್ಲಿನೊ ಎಂಬ ಪಾದ್ರಿಯು 1536ರಲ್ಲಿ ಮಿಲಾನಿನಲ್ಲಿ ಭಾನುವಾರಗಳಲ್ಲಿಯೂ ಹಬ್ಬದ ದಿನಗಳಲ್ಲಿಯೂ ಬಡಮಕ್ಕಳಿಗೆ ಧರ್ಮೋಪದೇಶದೊಡನೆ ಅಕ್ಷರವನ್ನೂ ಕಲಿಸುವ ಶಾಲೆಗಳನ್ನು ತೊಡಗಿಸಿದ್ದನು. ಬೊರೊಮಿಯೊ ಅವುಗಳನ್ನು ತನ್ನ ಸೀಮೆಯೆಲ್ಲೆಡೆಯೂ ಹಬ್ಬಿಸಿದನು. ಆತನು ತೀರಿಕೊಂಡಾಗ ಅಂಥ ಶಾಲೆಗಳು ಸುಮಾರು 740, ಕಲಿಸುವವರು 3,000, ಕಲಿಯುವವರು 40,000 ಇದ್ದರೆಂದು ಬರೆದಿಟ್ಟಿದ್ದಾರೆ. ಹುಡುಗಿಯರಿಗೆ ಬೇರೆ ಶಾಲೆ. ಅಲ್ಲಿ ಕಲಿಸುವವರು ಸ್ತ್ರೀಯರು. ಏಂಜೆಲಾ ಮೆರಿಚಿ ಎಂಬಾಕೆಯು 1535ರಲ್ಲಿ ಬ್ರೆಷಿಯಾ ಪಟ್ಟಣದಲ್ಲಿ ಸ್ಥಾಪಿಸಿದ ಸಂತ ಉರ್ಸುಲಾಳ ಕನ್ಯೆಯರ ಸಂಘವನ್ನು ಆತನು ಮಿಲಾನಿಗೂ ತಂದು ಈ ಕೆಲಸಕ್ಕೆ ಹಚ್ಚಿದನು. ಉರ್ಸುಲಾ ಎಂಬ ಈ ಹೆಸರು ನಮ್ಮ ನಾಡಿಗೂ ಬಂದಿದೆ. ಮಂಗಳೂರಿನಲ್ಲಿ 1887ರಲ್ಲಿ ಆರಂಭವಾದ ಸಹೋದರಿಯರ ಸಂಘವೊಂದು ಅದನ್ನು ಧರಿಸಿದೆ. ಗಂಡಸರಿಗೇ ಓದು ಅಪರೂಪವಾಗಿದ್ದ ಕಾಲದಲ್ಲಿ ಬಡವರ ಹುಡುಗಿಯ ಕೈಗೆ ಪುಸ್ತಕ ಕೊಟ್ಟವನನ್ನು ನಾವು ಕೃತಜ್ಞತೆಯಿಂದ ಹೊರತು ನೆನೆಯಲಾರೆವು.

1576ರಲ್ಲಿ ಮಿಲಾನಿಗೆ ಪ್ಲೇಗು ಬಂದಿತು. ಗವರ್ನರನೂ ಶ್ರೀಮಂತರಲ್ಲಿ ಹಲವರೂ ಪಟ್ಟಣವನ್ನು ಬಿಟ್ಟರು. ಆರ್ಚ್‌ಬಿಷಪ್ಪನು ಬಿಡಲಿಲ್ಲ. ತನ್ನ ಬೆಳ್ಳಿಯ ಪಾತ್ರೆಗಳನ್ನು ಕರಗಿಸಿ ಹಣ ಮಾಡಿದನು. ಅರಮನೆಯ ಪರದೆಗಳನ್ನೂ ಗೋಡೆಯ ಜವಳಿಗಳನ್ನೂ ಕತ್ತರಿಸಿ ಬಡವರಿಗೆ ಉಡುಪು ಹೊಲಿಸಿದನು. ಹಳ್ಳಿಗಳಲ್ಲಿಯೂ ರೋಗಿಗಳ ಗುಡಿಸಲುಗಳಲ್ಲಿಯೂ ತಾನೇ ತಿರುಗಿ ಸಂಸ್ಕಾರಗಳನ್ನು ಕೊಟ್ಟನು. ಜನರು ಮನೆಗಳಿಂದ ಹೊರಗೆ ಬರಬಾರದೆಂಬ ಆಜ್ಞೆಯಾದಾಗ, ಚೌಕಗಳಲ್ಲಿ ಬಲಿಪೀಠಗಳನ್ನು ಇರಿಸಿ, ಕಿಟಕಿಯಲ್ಲಿ ನಿಂತವರೂ ಆರಾಧನೆಯಲ್ಲಿ ಸೇರುವಂತೆ ಮಾಡಿದನು. 2020ರಲ್ಲಿ ಬಾಗಿಲು ಮುಚ್ಚಿದ ಮನೆಗಳಲ್ಲಿ ಕುಳಿತು ಪ್ರಾರ್ಥಿಸಿದ ನಮ್ಮ ಮಕ್ಕಳಿಗೆ ಈ ಭಾಗವು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಕೊರಳಿಗೆ ಹಗ್ಗ ಹಾಕಿಕೊಂಡು ಬರಿಗಾಲಿನಲ್ಲಿ ಆತನು ನಡೆಸಿದ ಮೆರವಣಿಗೆಗಳು ಮಾತ್ರ ಈಗಿನ ವೈದ್ಯರಿಗೆ ಸರಿತೋರವು. ಅಧಿಕಾರಿಗಳು ಆಗಲೇ ಅಂಜಿದ್ದರು. ಆ ಪ್ಲೇಗಿನಲ್ಲಿ ಪಟ್ಟಣದಲ್ಲಿ ಸತ್ತವರು ಸುಮಾರು 17,000.

ಸಾಮಾನ್ಯವಾಗಿ ಪಾಠವು ಇಲ್ಲಿಗೆ ನಿಲ್ಲುತ್ತದೆ. ಮುಂದೆ 1584ರಲ್ಲಿ ಮರಣ, 1610ರಲ್ಲಿ ಸಂತಪದವಿ, ಪುಸ್ತಕ ಮುಚ್ಚುತ್ತದೆ.

ಆದರೆ 1583 ಎಂಬ ವರ್ಷವೊಂದಿದೆ. ಆ ವರ್ಷ ಬೊರೊಮಿಯೊ ಆಲ್ಪ್ಸ್ ಪರ್ವತಗಳ ನಡುವಣ ಮೆಸೊಲ್ಚಿನಾ ಕಣಿವೆಗೆ ಪೋಪನ ಅಧಿಕಾರವನ್ನು ಪಡೆದು ಹೋದನು. ಪ್ರಾಟೆಸ್ಟಂಟರಾದವರನ್ನು ಮರಳಿ ತರುವುದು ಒಂದು ಉದ್ದೇಶ. ಅದರೊಡನೆ ಮಾಟಗಾತಿಯರೆಂಬ ಅಪವಾದ ಹೊತ್ತವರ ವಿಚಾರಣೆಯೂ ನಡೆಯಿತು. ಒಪ್ಪಿಕೊಂಡು ಪಶ್ಚಾತ್ತಾಪಪಟ್ಟವರಿಗೆ ಪ್ರಾಣವುಳಿಯಿತು. ಉಳಿದವರನ್ನು ಸುಟ್ಟು ಕೊಂದರು, ಅವರಲ್ಲಿ ಹೆಚ್ಚಿನವರು ಸ್ತ್ರೀಯರು. ಹುಡುಗಿಯರಿಗೆ ಶಾಲೆಗಳನ್ನು ಹಬ್ಬಿಸಿದ ಆ ಬಿಷಪ್ಪನೇ ಇದನ್ನು ನಡೆಸಿದನು. ಪ್ಲೇಗಿನ ಗುಡಿಸಲಿಗೆ ಬಾಗಿ ಹೊಕ್ಕವನೂ ಅವನೇ.

ಇದನ್ನು ಹೇಳಿದರೆ ಮಕ್ಕಳ ಭಕ್ತಿ ಕೆಡುತ್ತದೆಂದು ನಮ್ಮ ಹಿತೈಷಿಗಳು ಕೆಲವರು ಅನ್ನುತ್ತಾರೆ. ಕಾಲವೇ ಹಾಗಿತ್ತೆಂದು ಬೇರೆ ಕೆಲವರ ಸಮಾಧಾನ. ಕಾಲವು ಹಾಗಿತ್ತೆಂಬುದು ನಿಜವೇ. ಜಿನೀವಾದಲ್ಲಿ ಪ್ರಾಟೆಸ್ಟಂಟರು 1553ರಲ್ಲಿ ಸರ್ವೀಟಸನನ್ನು ಸುಟ್ಟರು. ಮಾಟಗಾತಿಯರೆಂದು ಸ್ತ್ರೀಯರನ್ನು ಸುಡುವುದರಲ್ಲಿ ನಮ್ಮ ಪಕ್ಷದವರೂ ಹಿಂದೆ ಬೀಳಲಿಲ್ಲ. ಆದಕಾರಣ ಒಂದು ಸಭೆಯು ಮತ್ತೊಂದರ ಕಡೆಗೆ ಬೆರಳು ತೋರಿಸಲು ಈ ಕಥೆಯು ಒದಗದು. ಆದರೆ ಕಾಲವನ್ನು ಮೀರಿ ಪ್ಲೇಗಿನಲ್ಲಿ ನಿಂತದ್ದನ್ನು ಆತನ ಗುಣವೆಂದು ಎಣಿಸುವ ನಾವು, ಕಾಲದೊಡನೆ ಹೋದುದನ್ನು ಕಾಲದ ತಲೆಗೇ ಕಟ್ಟುವುದು ನ್ಯಾಯವಾಗಲಾರದು. ಇದಲ್ಲದೆ ಇನ್ನೊಂದು ಮಾತು. ಹದಿನೈದು ವರ್ಷದ ಹುಡುಗಿಯು ಇಂದಲ್ಲ ನಾಳೆ ಈ ಸಂಗತಿಯನ್ನು ಎಲ್ಲಿಯಾದರೂ ಓದಿಯೇ ಓದುವಳು. ಆಗ ಆಕೆಯು ಬೊರೊಮಿಯೊನನ್ನು ಮಾತ್ರವಲ್ಲ, ಕಲಿಸಿದ ನಮ್ಮನ್ನೂ ಶಂಕಿಸುವಳು. ಶಾಲೆಗಳ ವಿಷಯವಾಗಿ ನಾವು ಹೇಳಿದ ನಿಜವನ್ನೂ ನಂಬಲಾರಳು. ಸುಟ್ಟುಹೋದ ಆ ಸ್ತ್ರೀಯರಿಗಂತೂ ನಮ್ಮ ಮೌನದಿಂದ ಎರಡನೆಯ ಸಲ ಅನ್ಯಾಯವಾಗುತ್ತದೆ.

ಬರುವ ವರ್ಷದಿಂದ ನಮ್ಮ ಹತ್ತನೆಯ ತರಗತಿಯ ನೀತಿಪಾಠದಲ್ಲಿ ಮಿಲಾನಿನ ಪ್ಲೇಗನ್ನೂ ಮೆಸೊಲ್ಚಿನಾದ ವಿಚಾರಣೆಯನ್ನೂ ಒಂದರ ಹಿಂದೆ ಒಂದಾಗಿ, ಒಂದೇ ವಾರದಲ್ಲಿ ಹೇಳಲಾಗುವುದು. ಇದಕ್ಕೆ ಸಮ್ಮತಿಯಿಲ್ಲದ ತಂದೆತಾಯಿಗಳು ಶನಿವಾರಗಳಲ್ಲಿ ಹನ್ನೊಂದು ಗಂಟೆಯ ಮೇಲೆ ನಮ್ಮ ಕೋಣೆಗೆ ದಯಮಾಡಿಸಬಹುದು; ಅವರ ಮಾತನ್ನು ಕೇಳಲು ನಾವು ಸಿದ್ಧರಿದ್ದೇವೆ.