ಶ್ರುತಿ ಯಾರದ್ದು?

ಕ್ಯಾಸೆಟ್ ಕಾಲ ಕಂಡವರಿಗೆ ಇದು ಗೊತ್ತು. ಟೇಪ್ ರೆಕಾರ್ಡರಿನ ಸೆಲ್ ಕುಗ್ಗುತ್ತಾ ಬಂದಂತೆ ಹಾಡು ನಿಧಾನವಾಗುತ್ತಿತ್ತು, ಜೊತೆಗೆ ಹಾಡುವವರ ದನಿಯೂ ಇಳಿದು ಗೊಗ್ಗರಾಗುತ್ತಿತ್ತು. ಗ್ರಾಮಫೋನ್ ಇದ್ದ ಮನೆಯ ಮಕ್ಕಳು 33 ಸುತ್ತಿನ ತಟ್ಟೆಯನ್ನು 45ಕ್ಕೆ ತಿರುಗಿಸಿ ನಗುತ್ತಿದ್ದರಲ್ಲ, ಅದು ಇದರದ್ದೇ ಉಲ್ಟಾ. ಆಗ ಹಾಡು ಓಡುತ್ತದೆ, ಷಡ್ಜ ಹೆಚ್ಚುಕಡಿಮೆ ಮಧ್ಯಮಕ್ಕೆ ಹಾರಿ ಕೂರುತ್ತದೆ. ವೇಗ ಮತ್ತು ಶ್ರುತಿ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದನ್ನು ಮುಂದೆ ಹೊಡೆದರೆ ಇನ್ನೊಂದೂ ಮುಂದೆ ಹೋಗಲೇಬೇಕು.

ಈ ನೊಗ ಬಿಚ್ಚಿ, ಅಂಗಡಿಯಲ್ಲಿ ಕೊಳ್ಳಬಹುದಾದ ಮೊದಲ ಡಿಜಿಟಲ್ ಪೆಟ್ಟಿಗೆ ಬಂದದ್ದು 1975ರಲ್ಲಿ. ನ್ಯೂಯಾರ್ಕಿನ ಈವೆಂಟೈಡ್ ಎಂಬ ಸಣ್ಣ ಕಂಪನಿ ಅದನ್ನು ಮಾಡಿತು. ಕಂಪನಿ ಹುಟ್ಟಿದ್ದೇ ಮ್ಯಾನ್‌ಹಟನ್ನಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದ ನೆಲಮಾಳಿಗೆಯಲ್ಲಿ. ಟೋನಿ ಆಗ್ನೆಲ್ಲೋ ಎಂಬ ಯುವ ಎಂಜಿನಿಯರ್ ವಿನ್ಯಾಸ ಮಾಡಿದ ಆ ಪೆಟ್ಟಿಗೆಯ ಹೆಸರು ಎಚ್910 ಹಾರ್ಮೊನೈಸರ್. 910 ಯಾಕೆ ಅಂದರೆ, ಬೀಟಲ್ಸ್ ತಂಡದ 'ಒನ್ ಆಫ್ಟರ್ 909' ಎಂಬ ಹಾಡಿನ ಮೇಲಿನ ತಮಾಷೆ. ಒಂಬೈನೂರ ಒಂಬತ್ತರ ಮುಂದಿನದು ಒಂಬೈನೂರ ಹತ್ತು ತಾನೇ!

ಇಲ್ಲಿ ಪುಣೆಯಲ್ಲಿ ಜಾಹೀರಾತಿನ ಜಿಂಗಲ್ ಮಾಡುವ ನನ್ನ ಗೆಳೆಯನೊಬ್ಬನ ಬಳಿ ಇಂಥದ್ದೊಂದು ಬಂದು ಕೂತಿದೆ. ಯಾರೋ ಸ್ಟುಡಿಯೋ ಮುಚ್ಚುವಾಗ ಮಾರಿದ್ದು. ಅಮೆರಿಕದ ವೋಲ್ಟೇಜಿಗೆ ಹೊಂದಿಸಿದ್ದರಿಂದ ಪಕ್ಕದಲ್ಲೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿರುತ್ತದೆ. ಶನಿವಾರಗಳಲ್ಲಿ ನಾನು ಅದರ ಮುಂದೆ ಕೂರುತ್ತೇನೆ. ಹಗಲೆಲ್ಲ ಸಾಫ್ಟ್‌ವೇರ್ ಬರೆಯುವವನಿಗೆ, ಮೆನು ಇಲ್ಲದ, ಅಪ್‌ಡೇಟ್ ಕೇಳದ ಯಂತ್ರವೊಂದು ಸಿಕ್ಕರೆ ಆಗುವ ಸಮಾಧಾನವೇ ಬೇರೆ. ಮುಂಭಾಗದಲ್ಲಿ ಕೆಲವೇ ತಿರುಪುಗಳು. ಒಂದು ಒಳಬರುವ ಸದ್ದಿನ ಮಟ್ಟಕ್ಕೆ, ಒಂದು ಫೀಡ್‌ಬ್ಯಾಕಿಗೆ, ಒಂದು ಶ್ರುತಿಗೆ. ಡಿಲೇಗೆ ನಾಲ್ಕು ಗುಂಡಿಗಳು: 7.5, 15, 30, 60 ಮಿಲಿಸೆಕೆಂಡು. ನಾಲ್ಕನ್ನೂ ಒತ್ತಿದರೆ 112.5. ಬೈನರಿ ಲೆಕ್ಕ ಬೆರಳ ತುದಿಯಲ್ಲೇ ಇದೆ. ಶ್ರುತಿ ಎಷ್ಟು ಬದಲಾಗಿದೆ ಎಂಬುದು ಕೆಂಪು ಅಂಕಿಗಳಲ್ಲಿ ಕಾಣುತ್ತದೆ. 1 ಅಂದರೆ ಇದ್ದ ಹಾಗೇ, 2 ಅಂದರೆ ತಾರ ಸ್ಥಾಯಿ, 0.5 ಅಂದರೆ ಮಂದ್ರ.

ಅಂಕಿಗಳು ಹೀಗೆ ಅನುಪಾತದಲ್ಲಿ ಇರುವುದು ನಮ್ಮ ಸಂಗೀತ ಸ್ವಲ್ಪ ಕಲಿತವರಿಗೆ ದೊಡ್ಡ ಅನುಕೂಲ. 1.5ಕ್ಕೆ ಇಟ್ಟರೆ ಷಡ್ಜಕ್ಕೆ ಪಂಚಮ. 1.25ಕ್ಕೆ ಇಟ್ಟರೆ ಅಂತರ ಗಾಂಧಾರ. ತಂಬೂರಿಯ ಮುಂದೆ ಕೂತು ಕಿವಿಯಲ್ಲಿ ಹುಡುಕುವುದನ್ನು ಇದು ಅಂಕಿಯಲ್ಲಿ ತೋರಿಸುತ್ತದೆ.

ಒಳಗೆ ನಡೆಯುವುದು ಏನು? ಒಂದು ದುಂಡು ಹಲಗೆಯನ್ನು ಊಹಿಸಿಕೊಳ್ಳಿ. ಒಬ್ಬ ಅದರ ಅಂಚಿನ ಸುತ್ತ ಒಂದೇ ವೇಗದಲ್ಲಿ ಬರೆಯುತ್ತಾ ಹೋಗುತ್ತಾನೆ, ಹಳೆಯದನ್ನು ಅಳಿಸುತ್ತಾ ಹೊಸದನ್ನು ಬರೆಯುತ್ತಾನೆ. ಅವನ ಹಿಂದೆ ಇನ್ನೊಬ್ಬ ಓದುತ್ತಾ ಬರುತ್ತಾನೆ. ಓದುವವನು ಅದೇ ವೇಗದಲ್ಲಿ ಬಂದರೆ ಕೇಳಿಸುವುದು ಬರೀ ಡಿಲೇ. ಅವನು ಜೋರಾಗಿ ಓಡಿದರೆ ಶ್ರುತಿ ಏರುತ್ತದೆ, ಆದರೆ ಕ್ಷಣದಲ್ಲೇ ಬರೆಯುವವನ ಬೆನ್ನಿಗೆ ಮುಟ್ಟುತ್ತಾನೆ. ಮುಂದೆ ಓದಲು ಅಕ್ಷರವಿಲ್ಲ. ಆಗ ಒಂದಷ್ಟು ಹಿಂದಕ್ಕೆ ಜಿಗಿದು, ಓದಿದ್ದನ್ನೇ ಮತ್ತೆ ಓದಬೇಕು. ನಿಧಾನವಾಗಿ ಓದಿದರೆ ಶ್ರುತಿ ಇಳಿಯುತ್ತದೆ, ಆದರೆ ಬರೆಯುವವನು ಒಂದು ಸುತ್ತು ಹಾಕಿ ಹಿಂದಿನಿಂದ ಬಂದು ಅಳಿಸತೊಡಗುತ್ತಾನೆ. ಆಗ ಕೆಲವು ಸಾಲು ಬಿಟ್ಟು ಮುಂದಕ್ಕೆ ಹಾರಬೇಕು. ಅಂದರೆ ಶ್ರುತಿ ಏರಿಸಿದಾಗ ಸದ್ದಿನ ತುಣುಕುಗಳು ಎರಡೆರಡು ಸಲ ಬರುತ್ತವೆ, ಇಳಿಸಿದಾಗ ಕೆಲವು ಕಳೆದೇ ಹೋಗುತ್ತವೆ. ಕಾಲ ಮಾತ್ರ ಸರಿಯಾಗಿ ಉಳಿಯುತ್ತದೆ.

ಈ ಜಿಗಿತದಲ್ಲಿ ಸದ್ದಿನ ಅಲೆ ಸರಿಯಾಗಿ ಕೂಡಿಕೊಳ್ಳದಿದ್ದರೆ ಚಿಟಿಕೆ ಹೊಡೆದ ಹಾಗೆ ಒಂದು ಸಣ್ಣ ತೊಡಕು ಕೇಳುತ್ತದೆ. ಅದನ್ನೇ ಗ್ಲಿಚ್ ಅನ್ನುವುದು. ಎಚ್910ರಲ್ಲಿ ಅದು ಧಾರಾಳವಾಗಿ ಇದೆ. ಎರಡು ವರ್ಷದ ನಂತರ ಬಂದ ಎಚ್949ರಲ್ಲಿ, ಎಲ್ಲಿ ಜಿಗಿದರೆ ಅಲೆಗೆ ಅಲೆ ಹೊಂದುತ್ತದೆ ಎಂದು ಯಂತ್ರವೇ ಹುಡುಕುವ ವ್ಯವಸ್ಥೆ ಸೇರಿತು. ಆದರೂ ಹಳೆಯದರ ತೊಡಕೇ ಬೇಕು ಎನ್ನುವವರು ಇಂದಿಗೂ ಇದ್ದಾರೆ. ಈವೆಂಟೈಡ್ ತಾನೇ ಎಚ್910ನ್ನು ಕಂಪ್ಯೂಟರಿನ ಪ್ಲಗಿನ್ ಆಗಿ ತಂದಾಗ ಆ ಕುಂದುಗಳನ್ನೂ ಜತನದಿಂದ ನಕಲು ಮಾಡಿತು.

ಮೊದಲ ಗಿರಾಕಿ ಯಾರು ಗೊತ್ತೇ? ಸಂಗೀತಗಾರರಲ್ಲ, ನ್ಯೂಯಾರ್ಕಿನ ಒಂದು ಟಿವಿ ಚಾನೆಲ್. 'ಐ ಲವ್ ಲೂಸಿ' ಎಂಬ ಹಳೆಯ ಧಾರಾವಾಹಿಯನ್ನು ಚೂರು ವೇಗವಾಗಿ ಓಡಿಸಿ, ಉಳಿದ ಸಮಯದಲ್ಲಿ ಇನ್ನಷ್ಟು ಜಾಹೀರಾತು ತುರುಕಲು. ಲೆಕ್ಕ ಸರಳ. 25 ನಿಮಿಷದ ಕಂತನ್ನು ಶೇಕಡಾ 4ರಷ್ಟು ಜೋರಾಗಿ ಓಡಿಸಿದರೆ ಸುಮಾರು ಒಂದು ನಿಮಿಷ ಉಳಿಯುತ್ತದೆ. ಪಾತ್ರಗಳ ದನಿ ಕೀಚಲಾಗುತ್ತದಲ್ಲ, ಅದನ್ನು ಹಾರ್ಮೊನೈಸರಿನಲ್ಲಿ 0.96ಕ್ಕೆ ಇಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಅಪರೂಪದ ಆವಿಷ್ಕಾರದ ಮೊದಲ ಕೆಲಸ ಇದಾಗಿತ್ತು ಎಂದು ತಿಳಿದಾಗ ನಮ್ಮ ಐಟಿ ಮಂದಿಗೆ ಹೆಚ್ಚೇನೂ ಆಶ್ಚರ್ಯವಾಗುವುದಿಲ್ಲ ಬಿಡಿ.

ಸಂಗೀತಗಾರರ ಕೈಗೆ ಬಂದ ಮೇಲೆ ಕಥೆ ಬೇರೆಯಾಯಿತು. 1976ರಲ್ಲಿ ಡೇವಿಡ್ ಬೋವಿ 'ಲೋ' ಎಂಬ ಆಲ್ಬಂ ಧ್ವನಿಮುದ್ರಿಸುವಾಗ ನಿರ್ಮಾಪಕ ಟೋನಿ ವಿಸ್ಕೊಂಟಿ ಈ ಪೆಟ್ಟಿಗೆಯನ್ನು ಜೊತೆಗೆ ಒಯ್ದರು. ಇದು ಏನು ಮಾಡುತ್ತದೆ ಎಂದು ಬೋವಿ ಕೇಳಿದಾಗ, ಕಾಲದ ನೇಯ್ಗೆಯನ್ನೇ ಕೆಡಿಸುತ್ತದೆ ಎಂಬರ್ಥದ ಉತ್ತರ ಕೊಟ್ಟರಂತೆ. ಅವರು ಬಳಸಿದ ಕ್ರಿಯಾಪದ ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಡೆನಿಸ್ ಡೇವಿಸ್ ಬಾರಿಸಿದ ಸ್ನೇರ್ ಡ್ರಮ್ಮಿನ ಸದ್ದನ್ನು ಇದರೊಳಗೆ ಬಿಟ್ಟು, ಶ್ರುತಿ ಇಳಿಸಿ, ಫೀಡ್‌ಬ್ಯಾಕ್ ಕೊಟ್ಟರು. ಪ್ರತಿ ಪೆಟ್ಟೂ ಬಿದ್ದ ಮೇಲೆ ಬಾವಿಗೆ ಇಳಿದಂತೆ ಕೇಳುತ್ತದೆ. ಆ ಆಲ್ಬಮ್ಮಿನ ಡ್ರಮ್ ಸದ್ದನ್ನು ಎಷ್ಟೋ ಜನ ನಕಲು ಮಾಡಲು ಹೋದರು.

ಈ ಬಾವಿಯ ಲೆಕ್ಕ ಮನೆಯಲ್ಲೇ ಹಾಕಬಹುದು. ಫೀಡ್‌ಬ್ಯಾಕ್ ಅಂದರೆ ಹೊರಬಂದ ಸದ್ದು ಮತ್ತೆ ಒಳಗೆ ಹೋಗುವುದು. ಬರೀ ಡಿಲೇ ಆದರೆ ಅದೇ ದನಿ ಮರುಕಳಿಸುತ್ತದೆ, ಗೋಳಗುಮ್ಮಟದ ಹಾಗೆ. ಶ್ರುತಿಯೂ ಬದಲಾಗಿದ್ದರೆ ಪ್ರತಿ ಸುತ್ತಿಗೂ ಮತ್ತೊಮ್ಮೆ ಬದಲಾಗುತ್ತದೆ. 1.06ಕ್ಕೆ ಇಟ್ಟು 112.5 ಮಿಲಿಸೆಕೆಂಡು ಡಿಲೇ ಕೊಟ್ಟು ಒಂದು 'ಸಾ' ಹಾಡಿ. ಹಾರ್ಮೋನಿಯಂ ಮೇಲೆ ಒಂದೊಂದೇ ಮನೆ ಹತ್ತುತ್ತಾ ಹನ್ನೆರಡು ಸುತ್ತಿನಲ್ಲಿ, ಅಂದರೆ ಸುಮಾರು ಒಂದೂಕಾಲು ಸೆಕೆಂಡಿಗೆ ಸ್ವಲ್ಪ ಮೇಲೆ, ತಾರ ಷಡ್ಜ ಮುಟ್ಟುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಇದಕ್ಕಿಂತ ಸಣ್ಣ ಬಳಕೆ. 1.01ಕ್ಕೆ ಇಟ್ಟು, ಮೂಲ ದನಿಯ ಜೊತೆಗೇ ಕೇಳುವುದು. ಷಡ್ಜ 200 ಕಂಪನದಲ್ಲಿದ್ದರೆ ಇದು 202. ಎರಡೂ ಕೂಡಿದಾಗ ಸೆಕೆಂಡಿಗೆ ಎರಡು ಸಲ ಉಬ್ಬುವ, ಇಳಿಯುವ ಒಂದು ಅಲೆ. ಒಬ್ಬರ ದನಿ ಇಬ್ಬರದ್ದಾಗಿ ತುಂಬಿಕೊಳ್ಳುತ್ತದೆ. ಶ್ರುತಿ ಕೂಡದ ತಂಬೂರಿಯಲ್ಲಿ ನಾವು ಅಳಿಸಬೇಕೆಂದು ಹೆಣಗುವ ಅದೇ ಅಲೆಯನ್ನು ಅವರು ಹಣ ಕೊಟ್ಟು ಕೊಂಡರು!

ರಾಗಕ್ಕೆ ಮಾತ್ರ ಈ ಪೆಟ್ಟಿಗೆ ಕುರುಡು. ಮೋಹನ ಹಾಡುತ್ತಾ 1.5ಕ್ಕೆ ಇಟ್ಟು ನೋಡಿದೆ. ಸ ಹಾಡಿದರೆ ಪ ಬರುತ್ತದೆ, ರಿಗೆ ದ, ಪಗೆ ಮೇಲಿನ ರಿ, ದಗೆ ಮೇಲಿನ ಗ. ಎಲ್ಲ ಸರಿ. ಗಾಂಧಾರಕ್ಕೆ ಬಂದರೆ ಕಾಕಲಿ ನಿಷಾದ ಎದ್ದು ಕೂರುತ್ತದೆ, ಮೋಹನದ ಮನೆಯಲ್ಲಿ ಅದಕ್ಕೇನು ಕೆಲಸ? 1.25ಕ್ಕೆ ಇಟ್ಟರೆ ಇನ್ನೂ ಫಜೀತಿ, ರಿಷಭಕ್ಕೇ ಪ್ರತಿ ಮಧ್ಯಮ ಹಾಜರು. ಯಂತ್ರ ಗುಣಿಸುತ್ತದೆ ಅಷ್ಟೇ, ಯಾವ ಸ್ವರಕ್ಕೆ ಯಾವ ಸ್ವರ ಸಲ್ಲುತ್ತದೆ ಎಂದು ಅದಕ್ಕೆ ತಿಳಿಯದು. ಯಾವ ಸ್ಕೇಲ್ ಎಂದು ಹೇಳಿದರೆ ಅದಕ್ಕೆ ತಕ್ಕಂತೆ ಜೊತೆದನಿ ಕೂರಿಸುವ ಬುದ್ಧಿ ಬಂದದ್ದು 1980ರ ದಶಕದ ಎಚ್3000ಕ್ಕೆ.

ಇನ್ನೊಂದು ಮಿತಿ ಮನುಷ್ಯರ ಗಂಟಲಿನದ್ದು. ನಾವು ಮೇಲಿನ ಸ್ವರ ಹಾಡಿದಾಗ ಗಂಟಲು, ಬಾಯಿಯ ಗಾತ್ರ ಬದಲಾಗುವುದಿಲ್ಲ, ಆದ್ದರಿಂದ ದನಿ ನಮ್ಮದೇ ಅನಿಸುತ್ತದೆ. ಯಂತ್ರ ಆ ಗಾತ್ರದ ಗುರುತನ್ನೂ ಸೇರಿಸಿಯೇ ಏರಿಸುತ್ತದೆ. ಹಾಗಾಗಿ 1.5ರಲ್ಲಿ ಗಂಡಸಿನ ದನಿ ಕಾರ್ಟೂನಿನ ಅಳಿಲಿನದ್ದಾಗುತ್ತದೆ. ಅಮೆರಿಕದ ಕಲಾವಿದೆ ಲೋರಿ ಆಂಡರ್ಸನ್ ಇದನ್ನೇ ಉಲ್ಟಾ ಬಳಸಿದರು. ತಮ್ಮ ದನಿಯನ್ನು ಹಾರ್ಮೊನೈಸರಿನಲ್ಲಿ ಇಳಿಸಿ, ಅಧಿಕಾರದಲ್ಲಿರುವ ಗಂಡಸಿನ ದನಿಯಲ್ಲಿ ವೇದಿಕೆಯ ಮೇಲೆ ಮಾತಾಡಿದರು. ಅದೇ ಮಾತು, ದನಿ ಇಳಿದ ಕೂಡಲೇ ಜನ ಬೇರೆ ರೀತಿ ಕೇಳುತ್ತಾರೆ. ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಕೂರುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಪೆಟ್ಟಿಗೆಯ ಮೊಮ್ಮಗ ನಿಮ್ಮ ಜೇಬಿನಲ್ಲೇ ಇದ್ದಾನೆ. ಕರೋಕೆ ಆ್ಯಪಿನಲ್ಲಿ ಕೀ ಎಂದು ಬರೆದು ಪಕ್ಕದಲ್ಲಿ ಪ್ಲಸ್, ಮೈನಸ್ ಗುಂಡಿ ಇರುತ್ತದಲ್ಲ, ಅದೇ. ಒಂದು ಸಲ ಒತ್ತಿದರೆ ಹಾರ್ಮೋನಿಯಮ್ಮಿನ ಒಂದು ಮನೆ, ಅನುಪಾತದಲ್ಲಿ ಸುಮಾರು 1.06. ರಾಜ್ಯೋತ್ಸವಕ್ಕೆ, ಯುಗಾದಿಗೆ ನಮ್ಮ ಸಂಘಗಳಲ್ಲಿ ಹಾಡುವವರಲ್ಲಿ ಎಷ್ಟು ಜನ ಇದನ್ನು ಮುಟ್ಟಿದ್ದೀರಿ?

ಹಿಂದೆ ಆರ್ಕೆಸ್ಟ್ರಾದಲ್ಲಿ ಹಾಡುವಾಗ ಹಾರ್ಮೋನಿಯಂ ನುಡಿಸುವವರು ಮೊದಲು ಕೇಳುತ್ತಿದ್ದ ಪ್ರಶ್ನೆ, "ನಿಮ್ಮ ಶ್ರುತಿ ಯಾವುದು?" ಯಕ್ಷಗಾನದ ಭಾಗವತರಿಗೂ ಕಪ್ಪು ಎರಡೋ ಬಿಳಿ ಐದೋ ಅವರವರದ್ದು ಇರುತ್ತದೆ, ಮೇಳ ಅದಕ್ಕೆ ಹೊಂದಿಕೊಳ್ಳುತ್ತದೆ. ಟ್ರ್ಯಾಕ್ ಬಂದ ಮೇಲೆ ಇದು ತಿರುಗಾ ಮುರುಗಾ ಆಯಿತು. ಎಸ್. ಜಾನಕಿ ಯಾವ ಶ್ರುತಿಯಲ್ಲಿ ಹಾಡಿದ್ದರೋ ಅದೇ ಶ್ರುತಿಯಲ್ಲಿ ನೀವೂ ಹಾಡಬೇಕು. ಪಿ.ಬಿ. ಶ್ರೀನಿವಾಸರ ಹಾಡನ್ನು ಹೆಣ್ಣುಮಕ್ಕಳು ಹಾಡಹೊರಟರೆ ಪಲ್ಲವಿ ಪಾತಾಳದಲ್ಲಿ. ಆಗದಿದ್ದರೆ ವೇದಿಕೆ ಇಳಿಯಬೇಕು.

ಹಾಗೆ ಇಳಿದವರೊಬ್ಬರು ನಮ್ಮಲ್ಲಿದ್ದಾರೆ. ನಾವೆಲ್ಲ ಅಕ್ಕ ಎಂದೇ ಕರೆಯುವ, ಅರವತ್ತು ದಾಟಿದವರು. ಒಂದು ಕಾಲಕ್ಕೆ ಅವರ ಹಾಡಿಲ್ಲದೆ ಕಾರ್ಯಕ್ರಮವಿಲ್ಲ. ವಯಸ್ಸಿನೊಂದಿಗೆ ದನಿ ಇಳಿಯಿತು. ಒಂದು ವರ್ಷ ಚರಣದಲ್ಲಿ ದನಿ ಒಡೆಯಿತು, ಸೌಂಡಿನವನು "ಟ್ರ್ಯಾಕ್ ಇರೋದೇ ಹಾಗೆ" ಅಂದ. ಮುಂದಿನ ವರ್ಷದಿಂದ ಅಕ್ಕ ಊಟದ ಉಸ್ತುವಾರಿಗೆ ಹೋದರು. ಯಾರೂ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೋದ ವರ್ಷ ಅವರ ಮನೆಗೆ ಹೋಗಿ ಅದೇ ಟ್ರ್ಯಾಕನ್ನು ಮೂರು ಮನೆ ಇಳಿಸಿ ಹಾಕಿದೆ. ಬಿಳಿ ಐದರಿಂದ ಬಿಳಿ ಮೂರಕ್ಕೆ, ಅಂದರೆ 0.84. ಮೊದಲು ಬೇಡವೆಂದರು, ಆಮೇಲೆ ಅಡುಗೆಮನೆಯಿಂದಲೇ ಶುರು ಮಾಡಿ, ಚರಣದ ಹೊತ್ತಿಗೆ ಹೊರಗೆ ಬಂದು ನಿಂತು ಹಾಡಿದರು. ಮುಗಿದ ಮೇಲೆ ಕೇಳಿದರು, "ಏನಪ್ಪಾ, ಇದು ಮೋಸ ಅಲ್ವಾ?"

ಒಳ್ಳೆಯ ಪ್ರಶ್ನೆ. ಹಾಡುವ ದನಿಯನ್ನೇ ಯಂತ್ರ ತಿದ್ದಿದರೆ ವಾದ ಮಾಡಬಹುದು. ಇಲ್ಲಿ ತಿದ್ದಿದ್ದು ಜೊತೆಗಿರುವ ವಾದ್ಯಗಳನ್ನು. ದನಿ ಪೂರ್ತಿ ಅವರದ್ದೇ. ಹಾರ್ಮೋನಿಯಮ್ಮಿನವರು ಕೈಯಲ್ಲಿ ಮಾಡುತ್ತಿದ್ದುದನ್ನು ಗುಂಡಿ ಮಾಡಿತು. "ಮೇಷ್ಟ್ರು ನಿಮಗೆ ಶ್ರುತಿ ಇಳಿಸಿ ಕೊಟ್ಟಿದ್ರೆ ಮೋಸ ಅಂತಿದ್ರಾ ಅಕ್ಕ?" ಅಂದೆ. ಅವರು ಮಾತಾಡಲಿಲ್ಲ, ಇನ್ನೊಂದು ಸಲ ಹಾಕು ಅಂದರು.

ಬಳಸುವವರಿಗೆ ಒಂದೆರಡು ಮಾತು. ಎರಡು ಮೂರು ಮನೆಯೊಳಗೆ ಏರಿಳಿಸಿದರೆ ಟ್ರ್ಯಾಕ್ ಸಹಜವಾಗೇ ಕೇಳುತ್ತದೆ. ಐದಾರು ದಾಟಿದರೆ ತಬಲಾ ಡಬ್ಬವಾಗುತ್ತದೆ, ಕೊಳಲು ನೀರಿನಲ್ಲಿ ಮುಳುಗಿದಂತೆ ಕೇಳುತ್ತದೆ, ಓದುವವನ ಜಿಗಿತಗಳು ಹೊರಗೆ ಕಾಣತೊಡಗುತ್ತವೆ. ವೇಗದ ಗುಂಡಿ ಬೇರೆ, ಕೀ ಗುಂಡಿ ಬೇರೆ, ಎರಡನ್ನೂ ಒಟ್ಟಿಗೆ ಮುಟ್ಟಬೇಡಿ. ಪಲ್ಲವಿಯಿಂದ ಶ್ರುತಿ ನಿರ್ಧರಿಸಬೇಡಿ, ಹಾಡಿನ ಅತಿ ಎತ್ತರದ ಜಾಗವನ್ನು ಮೊದಲು ಹಾಡಿ ನೋಡಿ. ಸಂಜೆ ದಣಿದ ಗಂಟಲಿಗೆ ಬೆಳಗಿನದಕ್ಕಿಂತ ಒಂದು ಮನೆ ಕಡಿಮೆ ಇರಲಿ. ಇಳಿಸಿದ ಟ್ರ್ಯಾಕನ್ನು ಮೊದಲೇ ಫೈಲ್ ಆಗಿ ಉಳಿಸಿಕೊಂಡು ಹೋಗಿ, ವೇದಿಕೆಯ ಮೇಲೆ ಆ್ಯಪ್ ಹುಡುಕುವ ಗಡಿಬಿಡಿ ಬೇಡ.

ನಮ್ಮ ಸಂಘದ ಹೆಸರು ನೋಂದಣಿ ಹಾಳೆಯಲ್ಲಿ ಇಲ್ಲಿಯವರೆಗೆ ಹೆಸರು, ಹಾಡು, ಫೋನ್ ನಂಬರ್ ಎಂದು ಮೂರು ಕಾಲಂ ಇದ್ದವು. ಈ ಸಲ ನಾಲ್ಕನೆಯದು ಸೇರಿದೆ: ನಿಮ್ಮ ಶ್ರುತಿ. ಗೊತ್ತಿಲ್ಲದವರು ಹತ್ತು ನಿಮಿಷ ಮುಂಚೆ ಬಂದರೆ ಸಾಕು, ಹಾರ್ಮೋನಿಯಂ ಇಟ್ಟುಕೊಂಡು ಒಟ್ಟಿಗೆ ಹುಡುಕೋಣ. ನಿಮ್ಮ ಊರಿನ ಸಂಘದ ಹಾಳೆಯಲ್ಲೂ ಒಂದು ಗೆರೆ ಎಳೆಯಲು ಜಾಗ ಇದ್ದೇ ಇರುತ್ತದೆ.