ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಎರಡನೆಯ ಕಣ್ಣು

1903ನೆಯ ಇಸವಿಯ ನವೆಂಬರ್ ತಿಂಗಳ ಕೊನೆಯಲ್ಲಿ, ಅಮೆರಿಕದ ಕಿಟಿಹಾಕ್ ಬಳಿಯ ಮರಳುದಿಣ್ಣೆಗಳಲ್ಲಿ ರೈಟ್ ಸಹೋದರರ ಯಂತ್ರವು ಹಾರಾಟಕ್ಕೆ ಸಿದ್ಧವಾಗಿ ನಿಂತಿತ್ತು. ಎಂಜಿನನ್ನು ನಡೆಸಿ ನೋಡುವಾಗ, ಪ್ರೊಪೆಲರನ್ನು ತಿರುಗಿಸುವ ಕೊಳವೆಯಾಕಾರದ ದಂಡವೊಂದರಲ್ಲಿ ಬಿರುಕು ಕಾಣಿಸಿತು. ಆರ್ವಿಲ್ ರೈಟ್ ಆ ಬಿರುಕಿನ ಮೇಲೆ ತಂತಿ ಸುತ್ತಿ ಮುಂದುವರಿಯಲಿಲ್ಲ. ನೂರಾರು ಮೈಲಿ ದೂರದ ತನ್ನೂರು ಡೇಟನ್ನಿಗೆ ಹಿಂದಿರುಗಿ, ಗಟ್ಟಿ ಉಕ್ಕಿನ ಹೊಸ ದಂಡಗಳನ್ನು ಸಿದ್ಧಪಡಿಸಿಕೊಂಡು ಡಿಸೆಂಬರ್ 11ರಂದು ಮರಳಿ ಬಂದನು. 14ರಂದು ವಿಲ್ಬರ್ ನಡೆಸಿದ ಮೊದಲ ಯತ್ನದಲ್ಲಿ ಯಂತ್ರವು ಮೇಲೆದ್ದು ಒಡನೆಯೇ ಮರಳಿಗೆ ಕುಸಿಯಿತು. ಮುರಿದ ಭಾಗಗಳ ದುರಸ್ತಿಗೆ ಮತ್ತೆರಡು ದಿನ ಹಿಡಿಯಿತು. 17ರ ಬೆಳಗಿನ ಹಾರಾಟವನ್ನು ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಅದರ ಹಿಂದಿನ ಮೂರು ವಾರಗಳ ರಿಪೇರಿಯನ್ನು ಬಲ್ಲವರು ವಿರಳ.

ಸೈಕಲ್ ಅಂಗಡಿಯವರು ಕಟ್ಟಿದ ಆ ಯಂತ್ರ, ಇಂದಿನ ಮಾತಿನಲ್ಲಿ ಹೇಳುವುದಾದರೆ, ಮನೆಯಲ್ಲಿ ಕಟ್ಟಿದ ವಿಮಾನವೇ ಸರಿ. ಅದರ ಎಂಜಿನನ್ನು ತಯಾರಿಸಿದ ಚಾರ್ಲ್ಸ್ ಟೇಲರ್ ಆ ಅಂಗಡಿಯ ಮೆಕ್ಯಾನಿಕ್. ಆತನು ಹುಟ್ಟಿದ ಮೇ 24ನ್ನು ಅಮೆರಿಕದಲ್ಲಿ ವಿಮಾನ ದುರಸ್ತಿಗಾರರ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿಯೂ ಮೋಟಾರ್ ಸೈಕಲಿನ ಎಂಜಿನನ್ನೂ ಅಲ್ಯೂಮಿನಿಯಂ ಕೊಳವೆಗಳನ್ನೂ ಜೋಡಿಸಿ ತರುಣನೊಬ್ಬನು ವಿಮಾನ ಕಟ್ಟಿದನೆಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುವುದುಂಟು, ಓದಿ ಸಂತೋಷಪಡುತ್ತೇವೆ. ಅದು ಎಷ್ಟು ಎತ್ತರಕ್ಕೆ ಏರಿತು, ಎಷ್ಟು ಹಣ ಖರ್ಚಾಯಿತು ಎಂದು ವರದಿಗಾರರು ಕೇಳುತ್ತಾರೆ. ಐವತ್ತು ಗಂಟೆ ಹಾರಿದ ತರುವಾಯ ಅದರ ನಟ್ಟುಗಳನ್ನು ಯಾರು ಪರೀಕ್ಷಿಸಿದರು ಎಂದು ಕೇಳಿದ ವರದಿಯನ್ನು ನಾವಿನ್ನೂ ಕಂಡಿಲ್ಲ. ಪುಟ್ಟ ವಿಮಾನವನ್ನು ಕಟ್ಟುವುದಕ್ಕಿಂತ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದೇ ಕಷ್ಟತರವಾದ ವಿದ್ಯೆ. ಆ ಕೆಲಸವನ್ನು ಕಟ್ಟಿದವನೊಬ್ಬನ ಕಣ್ಣಿಗೇ ಒಪ್ಪಿಸಿ ಕೈತೊಳೆದುಕೊಳ್ಳುವುದು ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಈ ಹವ್ಯಾಸದ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ದುರಂತವಿದೆ. ಫ್ರಾನ್ಸಿನ ಆನ್ರಿ ಮಿನ್ಯೆ ಎಂಬಾತನು 1933ರಲ್ಲಿ ಮರ ಮತ್ತು ಬಟ್ಟೆಯಿಂದ ಒಂದು ಪುಟ್ಟ ವಿಮಾನವನ್ನು ಕಟ್ಟಿ ಹಾರಿಸಿದನು. ಅದಕ್ಕೆ ‘ಆಕಾಶದ ಹೇನು’ ಎಂದು ಹೆಸರಿಟ್ಟನು. ಇಂಗ್ಲಿಷರು ಅದನ್ನು ‘ಹಾರುವ ಚಿಗಟ’ ಎಂದರು. ಮರುವರ್ಷ ಆತನು ಪ್ರಕಟಿಸಿದ ಪುಸ್ತಕವನ್ನು ಮುಂದಿಟ್ಟುಕೊಂಡು, ಬಡಗಿಯ ಕೆಲಸವನ್ನು ತಕ್ಕಮಟ್ಟಿಗೆ ಬಲ್ಲವರೆಲ್ಲರೂ ಕೊಟ್ಟಿಗೆಗಳಲ್ಲಿ ‘ಹೇನು’ಗಳನ್ನು ಕಟ್ಟತೊಡಗಿದರು. 1935 ಮತ್ತು 1936ರಲ್ಲಿ ಒಂದಾದ ಮೇಲೊಂದು ಸಾವು ಸಂಭವಿಸಿತು. ಫ್ರಾನ್ಸ್ ಮತ್ತು ಇಂಗ್ಲೆಂಡಿನ ದೊಡ್ಡ ವಾಯುಸುರಂಗಗಳಲ್ಲಿ ಯಂತ್ರವನ್ನೇ ಇಟ್ಟು ಪರೀಕ್ಷಿಸಿದಾಗ ಕಾರಣ ಹೊರಬಿದ್ದಿತು. ಮೂತಿ ಒಂದು ಮಿತಿಗಿಂತ ಹೆಚ್ಚಾಗಿ ಕೆಳಗೆ ಬಾಗಿದರೆ, ಹಿಂದುಮುಂದಾಗಿದ್ದ ಎರಡು ರೆಕ್ಕೆಗಳ ನಡುವಣ ಗಾಳಿಯ ಹರಿವು ಕೆಟ್ಟು, ಚಾಲಕನು ಕೋಲನ್ನು ಎಷ್ಟು ಎಳೆದರೂ ಯಂತ್ರ ಮೇಲಕ್ಕೇಳುತ್ತಿರಲಿಲ್ಲ.

ರಚನೆಯಲ್ಲಿ ದೋಷವಿದ್ದರೆ ಅದು ಎಲ್ಲ ವಿಮಾನಗಳಲ್ಲಿಯೂ ಒಂದೇ ತೆರನಾಗಿರುತ್ತದೆ. ಆದುದರಿಂದ ವಿಜ್ಞಾನಿಗಳು ಒಮ್ಮೆ ಹುಡುಕಿದರೆ ಎಲ್ಲರಿಗೂ ಹುಡುಕಿಕೊಟ್ಟಂತೆ. ದುರಸ್ತಿಯ ದೋಷ ಹಾಗಲ್ಲ. ಅದು ಒಂದೊಂದು ಷೆಡ್ಡಿನಲ್ಲಿ ಒಂದೊಂದು ಬಗೆಯಾಗಿ ಅಡಗಿರುತ್ತದೆ. ಅದನ್ನು ಹಿಡಿದುಕೊಡುವ ವಾಯುಸುರಂಗ ಎಲ್ಲಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ? ಅಮೆರಿಕದಲ್ಲಿ 1982ರಿಂದ ಜಾರಿಯಲ್ಲಿರುವ ನಿಯಮದಂತೆ, ಒಬ್ಬನೇ ಕುಳಿತುಕೊಳ್ಳುವ, ಎಂಜಿನ್ ಸಹಿತವಾಗಿ ಬರಿಯ ತೂಕ 254 ಪೌಂಡಿಗೆ, ಎಂದರೆ ಸುಮಾರು 115 ಕಿಲೋಗ್ರಾಮಿಗೆ ಕಡಮೆಯಿರುವ ವಿಮಾನಕ್ಕೆ ಯೋಗ್ಯತಾಪತ್ರ ಬೇಡ, ಚಾಲಕನಿಗೆ ಲೈಸೆನ್ಸು ಬೇಡ. ಪೆಟ್ರೋಲು ಸುಮಾರು 19 ಲೀಟರು, ವೇಗ ಗಂಟೆಗೆ ಸುಮಾರು 102 ಕಿಲೋಮೀಟರು ಮೀರಬಾರದು ಎಂಬಂಥ ಕೆಲವು ನಿರ್ಬಂಧಗಳುಂಟು. ಇದಕ್ಕಿಂತ ಭಾರವಾದ, ಹವ್ಯಾಸಿಗಳು ಕಟ್ಟಿದ ವಿಮಾನಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಲೇಬೇಕು. ಆ ತಪಾಸಣೆಯ ಅಧಿಕಾರ ಪರವಾನಗಿಯುಳ್ಳ ಮೆಕ್ಯಾನಿಕ್ಕಿಗೆ ಉಂಟು. ಕಟ್ಟಿದವನೇ ಅರ್ಜಿ ಹಾಕಿ ಪ್ರಮಾಣಪತ್ರ ಪಡೆದಿದ್ದರೆ ಅವನಿಗೂ ಉಂಟು. ಆದರೆ ಅವನು ವಿಮಾನವನ್ನು ಮಾರಿದರೆ ಆ ಅಧಿಕಾರ ಕೊಂಡವನಿಗೆ ಬರುವುದಿಲ್ಲ. ಇದು ವಿವೇಕದ ನಿಯಮ. ಇಷ್ಟು ವಿವೇಕ 254 ಪೌಂಡಿನ ಕೆಳಗೆ ಏಕೆ ಮಾಯವಾಗುತ್ತದೆಯೋ ನಮಗೆ ತಿಳಿಯದು. ಹಗುರ ವಿಮಾನ ಬಿದ್ದರೆ ನೆಲದ ಮೇಲಿನವರಿಗೆ ಹಾನಿ ಕಡಮೆ ಎಂಬುದು ಅದರ ತರ್ಕವಿರಬೇಕು; ಒಳಗೆ ಕುಳಿತವನ ಮಟ್ಟಿಗೆ ಆ ತರ್ಕದಿಂದ ಯಾವ ಉಪಯೋಗವೂ ಇಲ್ಲ.

ಹಗುರವಾಗಿರುವುದರಿಂದ ಸರಳ, ಸರಳವಾಗಿರುವುದರಿಂದ ನಿರಪಾಯ ಎಂಬ ನಂಬಿಕೆ ಬಲವಾಗಿದೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ತೂಕವನ್ನು ಉಳಿಸುವುದೆಂದರೆ ಹೆಚ್ಚುವರಿ ಬಲವನ್ನು ಬಿಟ್ಟುಕೊಡುವುದೆಂದೇ ಅರ್ಥ. ಎತ್ತಿನ ಗಾಡಿಯ ಒಂದು ಕಡಾಣಿ ಸಡಿಲವಾದರೆ ಗಾಲಿ ಅಲುಗಾಡಿ ಮುನ್ಸೂಚನೆ ಕೊಡುತ್ತದೆ; ಗಾಡಿ ನಿಲ್ಲಿಸಿ ಬಡಿದುಕೊಳ್ಳಬಹುದು. ಪುಟ್ಟ ವಿಮಾನದ ರೆಕ್ಕೆಯನ್ನು ಹಿಡಿದ ಬೋಲ್ಟು ಅನೇಕ ವೇಳೆ ಒಂದೇ. ತಿರುಗುವ ಅಥವಾ ಮಡಿಸುವ ಕೀಲುಗಳಲ್ಲಿ ನಟ್ಟಿನ ತಲೆಯನ್ನು ಸೀಳಿ ಸ್ಪ್ಲಿಟ್ ಪಿನ್ನು ತೂರಿಸಿರಬೇಕು. ನೈಲಾನ್ ಬಳೆಯ ನಟ್ಟು ಅಲ್ಲಿಗೆ ತಕ್ಕುದಲ್ಲ. ಎಂಜಿನಿನ ಕಾವು ತಗಲುವ ಕಡೆಯಂತೂ ಬಳೆ ಮೆತ್ತಗಾಗಿ ಹಿಡಿತ ಬಿಟ್ಟೀತು. ಬೆರಳಿನಿಂದಲೇ ತಿರುಗಿಸಬಹುದಾದಷ್ಟು ಸವೆದ ಇಂಥ ನಟ್ಟನ್ನು ‘ಇನ್ನೊಂದು ಸಲ’ ಉಪಯೋಗಿಸುವ ಜಿಪುಣತನ ನಮ್ಮ ದೇಶದಲ್ಲಿ ಮಾತ್ರವೇ ಇರುವುದೆಂದು ಯಾರೂ ತಿಳಿಯಬಾರದು.

ಚಾಲಕನ ಕೋಲಿನಿಂದ ಬಾಲದವರೆಗೆ ಹೋಗುವ ಉಕ್ಕಿನ ಹಗ್ಗವನ್ನು ನೋಡಿರಿ. ಸಾಮಾನ್ಯವಾಗಿ ಅದರಲ್ಲಿ ಏಳು ಎಳೆಗಳು, ಎಳೆಯೊಂದಕ್ಕೆ ಹತ್ತೊಂಬತ್ತು ತಂತಿಗಳು, ಒಟ್ಟು 133. ರಾಟೆಯ ಮೇಲೆ ಹಾಯುವೆಡೆಯಲ್ಲಿ ಅವು ಒಂದೊಂದಾಗಿ ಕಡಿಯುತ್ತವೆ. ಕಣ್ಣಿಗೆ ಹಗ್ಗ ನೆಟ್ಟಗೇ ಕಾಣುತ್ತದೆ. ಒಂದು ಬಟ್ಟೆಯ ಚೂರನ್ನು ಸುತ್ತಿ ಹಗ್ಗದುದ್ದಕ್ಕೂ ಎಳೆದರೆ ಕಡಿದ ತಂತಿ ಬಟ್ಟೆಯನ್ನು ಹಿಡಿದು ಜಗ್ಗುತ್ತದೆ. ಇದಕ್ಕಿಂತ ಅಗ್ಗವಾದ ಪರೀಕ್ಷೆ ಮತ್ತೊಂದಿಲ್ಲ. ಬರಿಗೈಯಿಂದ ಮಾತ್ರ ಮಾಡಬಾರದು, ಬೆರಳು ಸೀಳುತ್ತದೆ.

ಬಟ್ಟೆಯ ವಿಷಯ ನಮ್ಮ ನಾಡಿಗೆ ಹೆಚ್ಚು ಸಂಬಂಧಪಟ್ಟದ್ದು. ಇಂದಿನ ಹಗುರ ವಿಮಾನಗಳ ರೆಕ್ಕೆಗೆ ಪಾಲಿಯೆಸ್ಟರ್ ಬಟ್ಟೆಯನ್ನು ಹೊದಿಸುತ್ತಾರೆ. ಮಳೆಗೂ ಬೂಷ್ಟಿಗೂ ಅದು ಜಗ್ಗದು, ಬಿಸಿಲಿಗೆ ಜಗ್ಗುತ್ತದೆ. ಸೂರ್ಯನ ಅತಿನೇರಳೆ ಕಿರಣಗಳು ಅದರ ಉದ್ದುದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತವೆ. ಬಣ್ಣ ಹೆಚ್ಚೇನೂ ಬದಲಾಗದೆಯೇ ಬಲ ಕುಂದುತ್ತದೆ. ಅಲ್ಯೂಮಿನಿಯಂ ಪುಡಿ ಬೆರೆಸಿದ ಲೇಪ ಬಳಿದರೆ ಕಿರಣಗಳು ಒಳಗೆ ಇಳಿಯಲಾರವು. ಆದರೆ ತೂಕ ಉಳಿಸಲೆಂದು ಲೇಪವಿಲ್ಲದ ಹಾಯಿಬಟ್ಟೆಯನ್ನೇ ಹೊದಿಸುವುದು ಅತಿ ಹಗುರ ವಿಮಾನಗಳಲ್ಲಿ ರೂಢಿ. ವರ್ಷವಿಡೀ ಸೂರ್ಯ ನೆತ್ತಿಯ ಸಮೀಪದಲ್ಲೇ ಸಾಗುವ ನಮ್ಮ ಅಕ್ಷಾಂಶಗಳಲ್ಲಿ ಅಂಥ ವಿಮಾನವನ್ನು ಬಯಲಿನಲ್ಲಿ ನಿಲ್ಲಿಸಿದರೆ ಗತಿ ಏನೆಂದು ಹೇಳಬೇಕಾದುದಿಲ್ಲ. ರೆಕ್ಕೆಯ ಅಡಿಭಾಗವನ್ನು ಪರೀಕ್ಷಿಸಿ ಸಮಾಧಾನಪಟ್ಟುಕೊಳ್ಳುವುದು ತರವಲ್ಲ. ಮೇಲ್ಭಾಗವನ್ನೂ, ಅದರಲ್ಲಿಯೂ ಹೊಲಿಗೆಯ ದಾರವನ್ನೂ ಪರೀಕ್ಷಿಸಬೇಕು. ಬಟ್ಟೆ ಗಟ್ಟಿಯಾಗಿದ್ದು ದಾರ ಸತ್ತಿದ್ದರೆ ಫಲವೇನು? 1958ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ‘ಪುಷ್ಪಕ’ವೂ ಬಟ್ಟೆ ಹೊದಿಸಿದ ವಿಮಾನವೇ ಆಗಿತ್ತು. ನಮ್ಮ ಫ್ಲೈಯಿಂಗ್ ಕ್ಲಬ್ಬುಗಳು ಅವನ್ನು ಬಳಸಿದ ಕಾಲದಲ್ಲಿ ಬಟ್ಟೆಯ ಗುಣದೋಷಗಳನ್ನು ಬಲ್ಲ ಕೈಗಳು ನಮ್ಮಲ್ಲಿ ಇದ್ದವು. ಆ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳುವುದು ಒಳಿತು.

ಹಾಗೆಂದು ಎಲ್ಲಕ್ಕೂ ಹವೆಯನ್ನೇ ದೂರುವುದೂ ತಪ್ಪು. 1944ರಲ್ಲಿ ಭಾರತದಲ್ಲಿದ್ದ ಮರದ ‘ಮಸ್ಕೀಟೋ’ ಯುದ್ಧವಿಮಾನಗಳ ರೆಕ್ಕೆಗಳು ಆಕಾಶದಲ್ಲೇ ಮುರಿದಾಗ, ಇಲ್ಲಿಯ ಬಿಸಿಲು ಮಳೆಗಳೇ ಅಂಟನ್ನು ಕೆಡಿಸಿದವೆಂದು ಮೊದಲು ಭಾವಿಸಿದರು. ಮುಂದಿನ ವಿಚಾರಣೆಯಲ್ಲಿ, ಕಾರ್ಖಾನೆಯಲ್ಲಿ ಜೋಡಣೆಯೇ ಸರಿಯಾಗಿರಲಿಲ್ಲವೆಂದು ಗೊತ್ತಾಯಿತು.

ಇನ್ನು ಅಲ್ಯೂಮಿನಿಯಂ ಕೊಳವೆಗಳು. ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಮೆ ಒತ್ತಡವನ್ನು ಎಷ್ಟು ಸಲ ಹೇರಿ ತೆಗೆದರೂ ಅದು ದಣಿಯದು. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ. ಸಣ್ಣ ಸಣ್ಣ ಅದುರುವಿಕೆಗಳನ್ನೂ ಅದು ಲೆಕ್ಕವಿಟ್ಟುಕೊಂಡು ಒಂದು ದಿನ ಬಿರುಕು ಬಿಡುತ್ತದೆ. ಒರಟಾಗಿ ಇಳಿದಾಗ ಬಾಗಿದ ಕೊಳವೆಯನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿ ಮತ್ತೆ ಜೋಡಿಸುವವರಿದ್ದಾರೆ. ನೋಟಕ್ಕೆ ನೆಟ್ಟಗಾದ ಆ ಕೊಳವೆ ಒಳಗೆ ಅರ್ಧ ಆಯುಷ್ಯವನ್ನು ಕಳೆದುಕೊಂಡಿರಬಹುದು. ಅದನ್ನು ಎಸೆಯಬೇಕು; ಎಸೆಯುವ ಮುನ್ನ ಮತ್ತಾರೂ ಹೆಕ್ಕಿಕೊಳ್ಳದಂತೆ ಗರಗಸದಿಂದ ಎರಡು ತುಂಡು ಮಾಡಬೇಕು.

ಎಂಜಿನಿನ ವಿಷಯದಲ್ಲಿ ತಯಾರಕರೇ ಪ್ರಾಮಾಣಿಕರಾಗಿದ್ದಾರೆ. ಇಂಥ ವಿಮಾನಗಳಲ್ಲಿ ಬಹುವಾಗಿ ಬಳಕೆಯಾದ ಆಸ್ಟ್ರಿಯಾದ ರೋಟಾಕ್ಸ್ ಎರಡು ಹೊಡೆತದ ಎಂಜಿನುಗಳ ಕೈಪಿಡಿಯಲ್ಲಿ, ಇದು ಯಾವ ಕ್ಷಣದಲ್ಲಾದರೂ ನಿಲ್ಲಬಹುದು ಎಂದು ಎಚ್ಚರಿಕೆ ಅಚ್ಚಾಗಿದೆ. ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸಬೇಕು. ಪಿಸ್ಟನ್ ಉಂಗುರಗಳ ಸುತ್ತ ಕಟ್ಟುವ ಮಸಿಯನ್ನು ಕಾಲಕಾಲಕ್ಕೆ ಕೆರೆಯಬೇಕು; 300 ಗಂಟೆಗಳಾದ ಮೇಲೆ ಪೂರ್ತಿಯಾಗಿ ಬಿಚ್ಚಬೇಕು. ಕಾರ್ಬ್ಯುರೇಟರನ್ನು ಹಿಡಿದಿರುವ ರಬ್ಬರಿನ ಕೊರಳಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನು ಆಗ ಇನ್ನೂ ಚುರುಕಾಗಿ ಓಡುವಂತೆ ತೋರಬಹುದು, ಆದರೆ ಪಿಸ್ಟನ್ ಕಾದು ಊದಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಈಗಂತೂ ಪೆಟ್ರೋಲಿನದೇ ಹೊಸ ಸಮಸ್ಯೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. 2025ರ ವೇಳೆಗೆ ದೇಶದಲ್ಲೆಲ್ಲ ಅದೇ ರೂಢಿಗೆ ಬಂದಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಬಳಸದೆ ನಿಲ್ಲಿಸಿದ ಟ್ಯಾಂಕಿನಲ್ಲಿ ನೀರು ಸೇರಿದ ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಎಂಜಿನಿಗೆ ಮೊದಲು ಹೋಗುವುದು ತಳದ್ದೇ. ಹಳೆಯ ರಬ್ಬರ್ ಕೊಳವೆಗಳು ಅದರಿಂದ ಊದಿಕೊಳ್ಳುತ್ತವೆ. ಸ್ಕೂಟರಿನಲ್ಲಿ ಇದು ರಸ್ತೆಬದಿಯ ಬೇಸರ, ಅಷ್ಟೆ.

ಜೀವಜಂತುಗಳೂ ಈ ವ್ಯವಹಾರದಲ್ಲಿ ಪಾಲುದಾರರು. ಪೆಟ್ರೋಲು ಟ್ಯಾಂಕಿಗೆ ಗಾಳಿ ಬರುವ ಸಣ್ಣ ತೂತಿನಲ್ಲಿ ಕಡಜವೊಂದು ಒಂದೆರಡು ದಿನಗಳಲ್ಲಿ ಮಣ್ಣಿನ ಗೂಡು ಮೆತ್ತಬಲ್ಲದು. ನೆಲದ ಮೇಲೆ ಸೊಗಸಾಗಿ ಓಡಿದ ಎಂಜಿನು ಮೇಲೇರಿದ ಮೇಲೆ ಪೆಟ್ರೋಲು ಇಳಿಯದೆ ನಿಲ್ಲುತ್ತದೆ.

ಇಷ್ಟನ್ನೂ ಕಟ್ಟಿದವನು ಬಲ್ಲನಲ್ಲವೇ, ಅವನಿಗಿಂತ ಚೆನ್ನಾಗಿ ನೋಡಬಲ್ಲವರು ಯಾರು ಎಂದು ಕೇಳಬಹುದು. ಬಲ್ಲನು, ನಿಜ. ಆದರೆ ಸಾವಿರ ಸಲ ನೋಡಿದ ವಸ್ತುವನ್ನು ಕಣ್ಣು ನೋಡುವುದಿಲ್ಲ, ನೆನಪು ನೋಡುತ್ತದೆ. ತನ್ನ ಬರಹದ ಅಚ್ಚಿನ ತಪ್ಪುಗಳು ಬರೆದವನಿಗೇ ಕಾಣದಿರುವಂತೆ ಇದೂ. ಇನ್ನೊಂದು ಕಷ್ಟವೆಂದರೆ, ನಕ್ಷೆಯನ್ನು ಬಿಟ್ಟು ತಾನು ಮಾಡಿಕೊಂಡ ಮಾರ್ಪಾಡು ಅವನಿಗೆ ದೋಷವೆಂದು ತೋರದು. ಅದು ಅವನ ಜಾಣ್ಮೆಯ ಗುರುತು.

ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಮಾಂಟೆರೇ ಕೊಲ್ಲಿಯಲ್ಲಿ ಸತ್ತುದು ಇಂಥದೊಂದು ವಿಮಾನದಲ್ಲಿ. ಬರ್ಟ್ ರುಟಾನ್ ರಚಿಸಿದ ‘ಲಾಂಗ್ ಈಜೀ’ ಎಂಬ ಆ ವಿಮಾನವನ್ನು ಬೇರೊಬ್ಬರು ಕಟ್ಟಿದ್ದರು. ಡೆನ್ವರ್ ಆಗಷ್ಟೇ ಅದನ್ನು ಕೊಂಡಿದ್ದನು. ಒಂದು ಟ್ಯಾಂಕಿನಿಂದ ಮತ್ತೊಂದಕ್ಕೆ ಪೆಟ್ರೋಲನ್ನು ಬದಲಿಸುವ ಹಿಡಿ, ನಕ್ಷೆಯಂತೆ ಚಾಲಕನ ಕಾಲುಗಳ ನಡುವೆ ಇರಬೇಕಾಗಿತ್ತು. ಕಟ್ಟಿದವರು ಪೆಟ್ರೋಲು ಕೊಳವೆಗಳು ಚಾಲಕನ ಬಳಿ ಹಾಯಬಾರದೆಂದು ಎಣಿಸಿ ಅದನ್ನು ಎಡಭುಜದ ಹಿಂದೆ ಇಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಹಿಡಿಗೆ ಗುರುತುಗಳಿರಲಿಲ್ಲ, ತಿರುಗಿಸುವುದು ಬಿಗಿ, ಅದನ್ನು ಮುಟ್ಟಲು ಮೈ ತಿರುಗಿಸಿದರೆ ಬಲಗಾಲು ತಾನಾಗಿ ಚುಕ್ಕಾಣಿಯ ಪೆಡಲನ್ನು ಒತ್ತುತ್ತಿತ್ತು. ಹಾರಾಟಕ್ಕೆ ಮುನ್ನ ಡೆನ್ವರನೂ ಮೆಕ್ಯಾನಿಕ್ಕನೂ ಈ ಹಿಡಿಯ ತೊಂದರೆಯನ್ನು ಕುರಿತು ಮಾತನಾಡಿದ್ದರು, ಇಕ್ಕಳವನ್ನು ಸಿಕ್ಕಿಸಿ ಉದ್ದ ಮಾಡಬಹುದೇ ಎಂದು ನೋಡಿದ್ದರು, ಸರಿಹೋಗದೆ ಬಿಟ್ಟರು. ವಿಚಾರಣೆ ನಡೆಸಿದ ಸರ್ಕಾರಿ ಮಂಡಲಿ ದುರಂತದ ಕಾರಣಗಳಲ್ಲಿ ಚಾಲಕನ ಗಮನ ಬೇರೆಡೆಗೆ ಹರಿದುದರ ಜೊತೆಗೆ ಆ ಹಿಡಿಯ ಸ್ಥಾನವನ್ನೂ ಸೇರಿಸಿತು. ಆ ವಿಮಾನದಲ್ಲಿ ಯಾವುದೂ ಮುರಿದಿರಲಿಲ್ಲ.

ಹೀಗೆಂದು ಹವ್ಯಾಸಿಗಳ ಮೇಲೆ ಸರ್ಕಾರದ ಇನ್‌ಸ್ಪೆಕ್ಟರುಗಳನ್ನು ಛೂ ಬಿಡಬೇಕೆಂದು ನಾವು ಹೇಳುವುದಿಲ್ಲ. ಕಾಗದಪತ್ರಗಳ ಹೊರೆ ಹೆಚ್ಚಿದರೆ ಕಟ್ಟುವವರು ಕಟ್ಟುವುದನ್ನು ಬಿಡುವುದಿಲ್ಲ, ಮುಚ್ಚಿಟ್ಟು ಕಟ್ಟುತ್ತಾರೆ. ಅದು ಇನ್ನೂ ಅಪಾಯ. 1953ರಲ್ಲಿ ಪಾಲ್ ಪೊಬೆರೆಜ್ನಿ ಅಮೆರಿಕದಲ್ಲಿ ಸ್ಥಾಪಿಸಿದ ಪ್ರಾಯೋಗಿಕ ವಿಮಾನ ಸಂಘದಲ್ಲಿ, ಅನುಭವಸ್ಥ ಸದಸ್ಯರು ಸ್ವಯಂಸೇವಕರಾಗಿ ಹೋಗಿ ಇತರರ ಕೆಲಸವನ್ನು ನೋಡಿ ಸಲಹೆ ಕೊಡುವ ಪದ್ಧತಿಯುಂಟು. ಅವರು ಅಧಿಕಾರಿಗಳಲ್ಲ, ಷೆಡ್ಡಿಗೆ ಬಂದ ನೆರೆಯವರು. ಬ್ರಿಟನ್ನಿನಲ್ಲಿಯೂ ಹಗುರ ವಿಮಾನಗಳ ಸಂಘದ ಪರೀಕ್ಷಕರು ಇದೇ ಕೆಲಸವನ್ನು ಇನ್ನಷ್ಟು ಬಿಗಿಯಾಗಿ ಮಾಡುತ್ತಾರೆ. ಜಕ್ಕೂರಿನಂಥ ನೆಲೆಗಳಿರುವ ನಮ್ಮಲ್ಲಿ, ಎಂಜಿನಿಯರಿಂಗ್ ಕಾಲೇಜುಗಳೂ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಕುಶಲಕರ್ಮಿಗಳೂ ತುಂಬಿರುವ ಬೆಂಗಳೂರಿನಲ್ಲಿ, ಇಂಥದೊಂದು ಏರ್ಪಾಡು ಅಸಾಧ್ಯವೆಂದು ಹೇಳಲಾಗದು. ಅದಕ್ಕೆ ಬೇಕಾದುದು ಹಣವಲ್ಲ. ಭಾನುವಾರದ ಒಂದು ಬೆಳಗು.

ಆ ನೆರೆಯವರು ಕೇಳಬೇಕಾದ ಮೊದಲ ವಸ್ತು ದಿನಚರಿಯ ಪುಸ್ತಕ. ಯಾವ ದಿನ ಯಾವ ನಟ್ಟು ಬದಲಾಯಿತು, ಎಷ್ಟು ಗಂಟೆಗೆ ಯಾವ ಕೊಳವೆ ತೆಗೆದರು ಎಂಬುದು ಅದರಲ್ಲಿರಬೇಕು. ನಕ್ಷೆಯಿಂದ ಎಲ್ಲೆಲ್ಲಿ ಭಿನ್ನವಾಗಿದೆ ಎಂಬುದು ಮೊದಲನೆಯ ಪುಟದಲ್ಲಿಯೇ ಇರಬೇಕು. ವಿಮಾನವನ್ನು ಮಾರಿದರೆ ಪುಸ್ತಕವೂ ಅದರೊಡನೆ ಹೋಗಬೇಕು. ಕೋಲು, ಪೆಡಲು, ಹಗ್ಗ, ರೆಕ್ಕೆಯಂಚಿನ ಪಟ್ಟಿ ಇವುಗಳಲ್ಲಿ ಯಾವುದನ್ನೇ ಬಿಚ್ಚಿ ಜೋಡಿಸಿದ್ದರೂ, ಹಾರುವ ಮುನ್ನ ಮತ್ತೊಬ್ಬರು ಬಂದು ನೋಡಬೇಕು. ಪಟ್ಟಿಗಳು ಅಲುಗುತ್ತವೆಯೇ ಎಂದಲ್ಲ, ಸರಿಯಾದ ದಿಕ್ಕಿಗೆ ಅಲುಗುತ್ತವೆಯೇ ಎಂದು. ಕೋಲನ್ನು ಎಡಕ್ಕೆ ವಾಲಿಸಿದಾಗ ಎಡರೆಕ್ಕೆಯ ಪಟ್ಟಿ ಮೇಲಕ್ಕೂ ಬಲರೆಕ್ಕೆಯದು ಕೆಳಕ್ಕೂ ಹೋಗಬೇಕು. ಹಗ್ಗಗಳನ್ನು ಅದಲುಬದಲಾಗಿ ಸಿಕ್ಕಿಸಿ, ಪಟ್ಟಿಗಳು ಸಲೀಸಾಗಿ ಆಡುವುದನ್ನು ಕಂಡು ತೃಪ್ತರಾಗಿ ಮೇಲೇರಿದವರು ಜಗತ್ತಿನಲ್ಲಿ ಹಲವರಿದ್ದಾರೆ. ನೋಡಿದವರು ಪುಸ್ತಕದಲ್ಲಿ ರುಜು ಹಾಕಲಿ. ಅದರ ಕೆಳಗೆ ಚಾಲಕನೂ ಹಾಕಲಿ.